ಎಂಎಲ್‌ಎ ಹತ್ತಿರ ರೇಟ್ ಇಳಿಸಿ ಅನ್ನಬೇಡಿ, ಹಲಗೆ ಕೇಳಿ

ಕೃಷಿ ಇಲಾಖೆಯಿಂದ ನಿವೃತ್ತನಾದ ಮೇಲೆ ಜನ ಕೊಳೆರೋಗದ ಬಗ್ಗೆ ಕೇಳುವುದು ಕಡಿಮೆ, ಎಂಎಲ್‌ಎ ಬಗ್ಗೆ ಕೇಳುವುದು ಜಾಸ್ತಿ. ಪ್ರಶ್ನೆಗಳೂ ಅವೇ. ಈ ಸಲ ಒಂದಕ್ಕೆ ಉದ್ದದ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಅಷ್ಟು ತಾಳ್ಮೆ ಇಲ್ಲ.

ಮೊದಲ ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕ ಹತ್ತಿರ. ಚುನಾವಣೆ ಬಂದಾಗೆಲ್ಲ ಅಕ್ಕಿ, ತರಕಾರಿ ರೇಟ್ ಇಳಿಸುತ್ತೇವೆ, ರೈತರಿಗೆ ಒಳ್ಳೆ ಬೆಲೆ ಕೊಡಿಸುತ್ತೇವೆ ಅಂತಾರೆ. ಆಮೇಲೆ ಏನೂ ಇಲ್ಲ. ಶಾಸಕರ ಫಂಡಿನಿಂದ ನೇರ ರೈತರಿಗೇ ದುಡ್ಡು ಕೊಡಬಹುದಲ್ವಾ?

ಕೊಡಲಿಕ್ಕೆ ಆಗುವುದಿಲ್ಲ. ಕೇರಳದಲ್ಲಿ 2012-13ರಿಂದ ಶಾಸಕರ ಆಸ್ತಿ ಅಭಿವೃದ್ಧಿ ನಿಧಿ ಇದೆ. ಅದು ಊರಿಗೆ ಬಾಳಿಕೆ ಬರುವ ಕೆಲಸಕ್ಕೆ: ರಸ್ತೆ, ಕಟ್ಟಡ, ಅಣೆಕಟ್ಟು. ಒಬ್ಬೊಬ್ಬರ ಕೈಗೆ ಹಂಚಲಿಕ್ಕೆ ಅಲ್ಲ. ಶಾಸಕರು ಶಿಫಾರಸು ಮಾಡುತ್ತಾರೆ, ಚೆಕ್ ಬರೆಯುವುದು ಅವರಲ್ಲ.

ಇನ್ನು ರೇಟ್. 25 ಕಿಲೋವರೆಗಿನ ಪ್ಯಾಕೆಟ್ ಅಕ್ಕಿಗೆ 2022ರ ಜುಲೈಯಲ್ಲಿ ಶೇ. 5 ತೆರಿಗೆ ಬಂದದ್ದು ಜಿಎಸ್‌ಟಿ ಕೌನ್ಸಿಲಿನಿಂದ. ಭತ್ತದ ಬೆಂಬಲ ಬೆಲೆ ಕೇಂದ್ರದ್ದು, ಅದರ ಮೇಲಿನ ಬೋನಸ್ ರಾಜ್ಯದ್ದು. 2020ರ ನವೆಂಬರ್ 1ರಿಂದ ಕೇರಳ 16 ಬೆಳೆಗಳಿಗೆ ತಳಬೆಲೆ ಕೊಟ್ಟಿತು. ಆಗ ಮರಗೆಣಸಿಗೆ ಕಿಲೋಗೆ 12 ರೂಪಾಯಿ, ನೇಂದ್ರಕ್ಕೆ 30. ಅದೂ ಸರಕಾರದ ತೀರ್ಮಾನ, ಒಬ್ಬ ಶಾಸಕರದ್ದಲ್ಲ. ಮತ್ತೆ ತಳಬೆಲೆ ಇರುವುದು ಬೆಳೆದವನು ಮುಳುಗಬಾರದು ಅಂತ, ನಿಮ್ಮ ಅಂಗಡಿ ಚೀಟಿ ಇಳಿಯಲಿ ಅಂತ ಅಲ್ಲ. ಬೆಳೆದವನಿಗೂ ಬೆಲೆ, ಕೊಳ್ಳುವವನಿಗೂ ಅಗ್ಗ ಅಂತ ಒಂದೇ ಭಾಷಣದಲ್ಲಿ ಮಾತು ಕೊಡುವವರನ್ನು ಎದ್ದು ನಿಂತು "ಹೇಗೆ?" ಅಂತ ಯಾರೂ ಯಾಕೆ ಕೇಳುವುದಿಲ್ಲ?

ಹಾಗಂತ ಶಾಸಕರಿಂದ ಏನೂ ಆಗಲ್ಲ ಅನ್ನುವ ಪಟ್ಟಾಂಗವೂ ಬೇಡ. ನೀರು ಅವರ ಕೈಗೆ ಎಟಕುವ ವಿಷಯ. ಮಂಜೇಶ್ವರದಿಂದ ಗೆದ್ದ ಡಾ. ಎ. ಸುಬ್ಬರಾವ್ 1980ರಲ್ಲಿ ನೀರಾವರಿ ಮಂತ್ರಿಯೇ ಆಗಿದ್ದರು.

ನಮ್ಮ ತೋಡುಗಳಲ್ಲಿ, ಅಂದರೆ ಸಣ್ಣ ಹಳ್ಳಗಳಲ್ಲಿ, ಕಿಂಡಿ ಅಣೆಕಟ್ಟುಗಳಿಗೆ (ಕಿಂಡಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಸಣ್ಣ ಕಟ್ಟಗಳಿಗೆ) ಬರ ಇಲ್ಲ. ಹೋಗಿ ನೋಡಿ. ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಇದೆ, ಕಿಂಡಿಯಲ್ಲಿ ಹಲಗೆ ಇಲ್ಲ. ಕಂಬಗಳ ಸಂದಿನಲ್ಲಿ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ಮೆಟ್ಟಬೇಕು. ಅದೂ ಮಳೆ ನಿಂತು ಹರಿವು ಇಳಿಯುವ ಹೊತ್ತಿಗೆ, ನವೆಂಬರ್, ಹೆಚ್ಚೆಂದರೆ ಡಿಸೆಂಬರಿನಲ್ಲಿ. ಫೆಬ್ರವರಿಯಲ್ಲಿ ಹಾಕಿದರೆ ತಡೆಯಲು ನೀರೇ ಇರುವುದಿಲ್ಲ. ಮಳೆಗಾಲಕ್ಕೆ ಮುಂಚೆ ತೆಗೆದು ಒಣಗಿಸಿ ಮಾಡಿನಡಿ ಇಡಬೇಕು. ಹಾಗೇ ಬಿಟ್ಟರೆ ಮೊದಲ ನೆರೆಗೆ ಪಕ್ಕದವನ ತೋಟದ ದಂಡೆ ಹೋಗುತ್ತದೆ. ಏತಡ್ಕದಲ್ಲಿ ಕಲ್ಲು ಮಣ್ಣಿನಲ್ಲೇ ವರ್ಷವರ್ಷ ಕಟ್ಟ ಕಟ್ಟಿಕೊಂಡು ಬಂದವರಿದ್ದಾರೆ. ಅವರು ಯಾರ ಉದ್ಘಾಟನೆಗೂ ಕಾಯಲಿಲ್ಲ.

ಇದಕ್ಕೂ ತರಕಾರಿ ರೇಟಿಗೂ ಏನು ಸಂಬಂಧ ಅಂತೀರಾ? ತೋಡಿನಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗಳೂ ಬೇಗ ಬತ್ತುವುದಿಲ್ಲ. ಸುಗ್ಗಿ ಕೊಯ್ದ ಗದ್ದೆಯಲ್ಲಿ ಕೊಳಕೆ (ಮೂರನೇ ಭತ್ತದ ಬೆಳೆ) ಮಾಡದಿದ್ದರೂ ಅಳಸಂಡೆ, ಬೆಂಡೆ, ಸೌತೆ, ಹರಿವೆ ಮಾಡಬಹುದು. ಏಪ್ರಿಲಿನ ಬಿಸು ಹಬ್ಬದ ಹೊತ್ತಿಗೆ ಊರ ತರಕಾರಿ ಪೇಟೆಗೆ ಬಂದರೆ ಘಟ್ಟದ ಮೇಲಿನ ಲಾರಿಯನ್ನೇ ಕಾಯಬೇಕಾಗಿಲ್ಲ, ಲಾರಿ ಬಾಡಿಗೆಯನ್ನು ನೀವು ತೆರಬೇಕಾಗಿಯೂ ಇಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಎಲ್ಲರಿಗೂ ಹಿತ್ತಿಲ ಬಸಳೆ ನೆನಪಾಗಿತ್ತು. ಈಗ ಮರೆತೂ ಆಯಿತು.

ಹಾಗಾಗಿ ಯಾವ ತೋಡು, ಯಾವ ವಾರ್ಡು, ಎಷ್ಟು ಕಿಂಡಿ, ಎಷ್ಟು ಹಲಗೆ ಬೇಕು, ಎಷ್ಟು ಎಕರೆ ಬೆಳೆ ಇಲ್ಲದೆ ಹಡಿಲು ಬಿದ್ದಿದೆ, ಹಲಗೆ ಹಾಕಿ ತೆಗೆಯುವವರು ಯಾರು ಅಂತ ಒಂದು ಪುಟ ಬರೆಯಿರಿ. ಮೊದಲು ಗ್ರಾಮಸಭೆಯಲ್ಲಿ ದಾಖಲು ಮಾಡಿಸಿ, ಆಮೇಲೆ ಶಾಸಕರಿಗೆ ಕೊಡಿ. ಪಂಚಾಯತ್ ಕೈಚೆಲ್ಲಿದರೆ ಅವರು ವಿಧಾನಸಭೆಯಲ್ಲಿ ಪ್ರಶ್ನೆ ಹಾಕಲಿ: ಕ್ಷೇತ್ರದಲ್ಲಿ ಎಷ್ಟು ಕಿಂಡಿ ಅಣೆಕಟ್ಟುಗಳು ಕೆಲಸಕ್ಕೆ ಬರುತ್ತಿವೆ? ಮಂತ್ರಿಯ ಲಿಖಿತ ಉತ್ತರ ಕೈಯಲ್ಲಿದ್ದರೆ ಕಚೇರಿಯಲ್ಲಿ ನಿಮ್ಮ ಮಾತಿಗೂ ತೂಕ ಬರುತ್ತದೆ. ಕೇರಳ ವಿಧಾನಸಭೆಯಲ್ಲಿ ಕೃಷಿ, ಪಶುಸಂಗೋಪನೆ, ಮೀನುಗಾರಿಕೆಗೆ ಒಂದು ವಿಷಯ ಸಮಿತಿ ಇದೆ. ಬಜೆಟಿನ ಬೇಡಿಕೆಗಳನ್ನು ಅಲ್ಲಿ ಒಂದೊಂದಾಗಿ ನೋಡುತ್ತಾರೆ. ನಿಮ್ಮ ಶಾಸಕರು ಯಾವ ಸಮಿತಿಯಲ್ಲಿದ್ದಾರೆ, ಗೊತ್ತಾ? ಯಾರ ಮದುವೆಗೆ ಬಂದರು, ಯಾರದ್ದಕ್ಕೆ ಬರಲಿಲ್ಲ ಅನ್ನುವ ಲೆಕ್ಕ ಮಾತ್ರ ಎಲ್ಲರ ಬಾಯಲ್ಲೂ ಇದೆ.

ಹೊಸ ಅಣೆಕಟ್ಟು ಕೇಳುವವರಿಗೆ ನಾನು ಸುಲಭಕ್ಕೆ ಹೂಂ ಅನ್ನುವುದಿಲ್ಲ. ಹಳೆಯದಕ್ಕೆ ಎರಡು ವರ್ಷ ಸರಿಯಾಗಿ ಹಲಗೆ ಹಾಕಿ ತೋರಿಸಿ, ಆಮೇಲೆ ಮಾತಾಡುವ.

ಅಡಿಕೆ ಆಮದನ್ನು ಶಾಸಕರು ನಿಲ್ಲಿಸಬಹುದಾ?

ಇಲ್ಲ. ಅದು ದಿಲ್ಲಿಯ ವಿಷಯ. 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿ ಮಾಡಿದ್ದೂ ಅಲ್ಲಿಂದಲೇ. ಎಂಪಿಯನ್ನು ಹಿಡಿಯಿರಿ.

ಸರಕಾರದ ಮಾವೇಲಿ ಸ್ಟೋರಿಗೆ ಹೋದರೆ ಸಬ್ಸಿಡಿ ಸಾಮಾನು ಖಾಲಿ ಅಂತಾರೆ.

ಪಟ್ಟಿಯಲ್ಲಿ 13 ಸಾಮಾನು. 2024ರ ಫೆಬ್ರವರಿಯ ತೀರ್ಮಾನದಂತೆ ಪೇಟೆ ಬೆಲೆಗಿಂತ ಶೇ. 35 ಕಡಿಮೆ. ಯಾವ ದಿನ ಯಾವುದು ಇರಲಿಲ್ಲ ಅಂತ ಬರೆದು ಕೊಡಿ. ಸುಮ್ನೆ "ಏನೂ ಸಿಗಲ್ಲ" ಅಂದರೆ ಯಾವ ಶಾಸಕರೂ ಅದನ್ನು ಸಭೆಯಲ್ಲಿ ಎತ್ತಲಾರರು.

ಶಾಸಕರ ಫಂಡಿನಲ್ಲಿ ಫ್ರೀ ಪಂಪ್‌ಸೆಟ್, 500 ರೂಪಾಯಿ ಕಟ್ಟಿ ಹೆಸರು ಬರೆಸಿ ಅಂತ ವಾಟ್ಸಾಪಿನಲ್ಲಿ ಬಂದಿದೆ.

ಕಳ್ಳರು. "ಎಂಎಲ್‌ಎ ಆಫೀಸಿನಲ್ಲಿ ನನಗೆ ಗುರ್ತ ಇದೆ" ಅನ್ನುವ ದಲ್ಲಾಳಿಗಳೂ ಅದೇ ಜಾತಿ.

ಅರ್ಜಿ ಕನ್ನಡದಲ್ಲಿ ಬರೆಯಬಹುದಾ?

ಧಾರಾಳ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇಲ್ಲಿನ ಕನ್ನಡಿಗರಿಗೆ ಅವಕಾಶ ಇದೆ. ಮಲಯಾಳದಲ್ಲಿ ಬರೆದು ತನ್ನಿ ಅಂದರೆ ವಾಪಸ್ ಬರಬೇಡಿ. ಅರ್ಜಿ ಕೊಟ್ಟದ್ದಕ್ಕೆ ರಶೀದಿಯನ್ನೂ ಕೇಳಿ ತೆಗೆದುಕೊಳ್ಳಿ.