‘ಒಂದೇ ಒಂದು ಸಣ್ಣ ಬದಲಾವಣೆ’: ಪುಟ್ಟ ಡಿಸೈನ್ ಸ್ಟುಡಿಯೊ ನಡೆಸುವವರ ಪ್ರಶ್ನೆಗಳು

ಒಬ್ಬರೇ ಕೂತು, ಇಲ್ಲವೇ ಇಬ್ಬರು ಮೂವರು ಸೇರಿ ವೆಬ್‌ಸೈಟ್, ಲೋಗೋ, ಬ್ರ್ಯಾಂಡಿಂಗ್ ಕೆಲಸ ಮಾಡುವವರ ಪ್ರಶ್ನೆಗಳನ್ನು ಈ ಸಲ ತೆಗೆದುಕೊಂಡಿದ್ದೇವೆ. ಬಣ್ಣ, ಅಕ್ಷರದ ಬಗ್ಗೆ ಕೇಳಿದವರು ಯಾರೂ ಇಲ್ಲ. ಎಲ್ಲರ ತಲೆನೋವೂ ಹಣ ಮತ್ತು ಮಾತುಕತೆಯದ್ದೇ.

ಪ್ರಶ್ನೆ: ಕೆಲಸ ಬಿಟ್ಟು ಸ್ವಂತ ಸ್ಟುಡಿಯೊ ಶುರು ಮಾಡಿದ್ದೇನೆ. ಹಳೇ ಸಂಬಳವನ್ನು ಗಂಟೆಗಳಿಂದ ಭಾಗಿಸಿ, ಅದೇ ದರವನ್ನು ಗ್ರಾಹಕರಿಗೆ ಹೇಳುತ್ತಿದ್ದೇನೆ. ಬಿಡುವಿಲ್ಲದೆ ದುಡಿದರೂ ತಿಂಗಳ ಕೊನೆಗೆ ಕೈ ಖಾಲಿ. ಎಲ್ಲಿ ಎಡವುತ್ತಿದ್ದೇನೆ?

ಆ ಭಾಗಾಕಾರದಲ್ಲೇ. ಕಂಪನಿಯಲ್ಲಿದ್ದಾಗ ಮೀಟಿಂಗಿಗೂ ಸಂಬಳ ಬರುತ್ತಿತ್ತು, ಜ್ವರ ಬಂದು ಮಲಗಿದ ದಿನಕ್ಕೂ ಬರುತ್ತಿತ್ತು. ಈಗ ಕೊಟೇಶನ್ ಬರೆಯುವುದು, ಬಿಲ್ ಕಳಿಸುವುದು, ಬಾಕಿ ಹಣಕ್ಕೆ ಫೋನ್ ಮಾಡುವುದು ಎಲ್ಲವೂ ನಿಮ್ಮದೇ. ಆ ಹೊತ್ತಿಗೆ ಯಾರೂ ಹಣ ಕೊಡುವುದಿಲ್ಲ.

ಲೆಕ್ಕ ಹೀಗೆ ಹಾಕಿ. ವರ್ಷಕ್ಕೆ 52 ವಾರ. ರಜೆ, ಕಾಯಿಲೆ, ಹಬ್ಬ ಅಂತ 6 ವಾರ ತೆಗೆಯಿರಿ. ಉಳಿದ 46 ವಾರಕ್ಕೆ ವಾರಕ್ಕೆ 40 ಗಂಟೆಯಂತೆ 1840 ಗಂಟೆ. ಇದರಲ್ಲಿ ನಿಜವಾಗಿ ಬಿಲ್ ಮಾಡಬಹುದಾದದ್ದು ಅರ್ಧಕ್ಕಿಂತ ತುಸು ಜಾಸ್ತಿ ಅಂದುಕೊಂಡರೂ ಸುಮಾರು 1000 ಗಂಟೆ. ನೀವು ಭಾಗಿಸಿದ್ದು ಬಹುಶಃ 2080ರಿಂದ, ಅಂದರೆ 52 ವಾರವೂ ಪೂರ್ತಿ ದುಡಿದ ಲೆಕ್ಕದಲ್ಲಿ. ಹಳೇ ಸಂಬಳದಷ್ಟೇ ಸಿಗಬೇಕು ಅಂದರೂ ದರ ದುಪ್ಪಟ್ಟಾಗಬೇಕು. ಅದರ ಮೇಲೆ ಸಾಫ್ಟ್‌ವೇರ್ ಚಂದಾ, ಫಾಂಟ್, ತೆರಿಗೆ, ಮೂರ‍್ನಾಲ್ಕು ವರ್ಷಕ್ಕೊಮ್ಮೆ ಹೊಸ ಕಂಪ್ಯೂಟರ್.

ಇನ್ನು, ಈ ಗಂಟೆಯ ದರ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ. ಗ್ರಾಹಕರಿಗೆ ಇಡೀ ಕೆಲಸದ ಬೆಲೆ ಹೇಳಿ. ಗಂಟೆಗೆ ಮಾರಿದರೆ ಕೈ ಚುರುಕಾದಷ್ಟೂ ಆದಾಯ ಇಳಿಯುತ್ತದೆ. ನೈಕಿ ಕಂಪನಿಯ ಚಿಹ್ನೆ ಬರೆದ ಕ್ಯಾರೊಲಿನ್ ಡೇವಿಡ್‌ಸನ್ 1971ರಲ್ಲಿ ಇನ್ನೂ ವಿದ್ಯಾರ್ಥಿನಿ. ಗಂಟೆಗೆ 2 ಡಾಲರ್ ಲೆಕ್ಕದಲ್ಲಿ ಅವರು ಹಾಕಿದ ಬಿಲ್ 35 ಡಾಲರ್. 1983ರಲ್ಲಿ ಕಂಪನಿ ಅವರನ್ನು ಕರೆಸಿ ಷೇರುಗಳನ್ನು ಕೊಟ್ಟಿತು ಅನ್ನುವುದು ನಿಜ. ಆದರೆ ಹಾಗೆ ನೆನಪಿಟ್ಟು ಕರೆಯುವ ಗ್ರಾಹಕರು ಎಷ್ಟು ಜನ ಸಿಗುತ್ತಾರೆ? ಹಾಗಂತ ಪ್ರತಿ ಲೋಗೋಗೂ ‘ಮುಂದೆ ಇದರ ಮೌಲ್ಯ ನೋಡಿ’ ಎಂದು ಆಕಾಶದ ಬೆಲೆ ಹೇಳುವ ಸಲಹೆಯೂ ನನಗೆ ಹಿಡಿಸುವುದಿಲ್ಲ. ನಿಮ್ಮ ಗಂಟೆಯ ಲೆಕ್ಕ ಕೆಳಗಿನ ಮಿತಿ. ಅದಕ್ಕಿಂತ ಕೆಳಗೆ ಇಳಿಯಬೇಡಿ, ಅಷ್ಟೆ.

ಚೌಕಾಸಿ ಶುರುವಾದರೆ ಬೆಲೆ ಇಳಿಸಬೇಡಿ, ಕೆಲಸ ಇಳಿಸಿ. 12 ಪುಟದ ಸೈಟು 7 ಪುಟಕ್ಕೆ ಬರಲಿ. ಏನನ್ನೂ ಕಡಿಮೆ ಮಾಡದೆ ಬೆಲೆ ಮಾತ್ರ ಇಳಿಸಿದರೆ ಮೊದಲ ಬೆಲೆ ಸುಮ್ನೆ ಹೇಳಿದ್ದು ಅಂತ ನೀವೇ ಒಪ್ಪಿಕೊಂಡಂತೆ.

ಪ್ರಶ್ನೆ: ‘ಒಂದೇ ಒಂದು ಸಣ್ಣ ಬದಲಾವಣೆ’ ಅಂತ ಶುರುವಾಗಿ ಹದಿನೈದಕ್ಕೂ ಮುಗಿಯುವುದಿಲ್ಲ. ಮಾಲೀಕರು ಒಪ್ಪಿದ್ದನ್ನು ಅವರ ಪಾಲುದಾರರು ಬೇಡ ಅನ್ನುತ್ತಾರೆ. ‘ಇನ್ನೂ ಸ್ವಲ್ಪ ಜೀವ ಬರಬೇಕು’ ಅಂದರೆ ನಾನು ಏನು ಮಾಡಲಿ?

ಇಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದಕ್ಕೊಂದು ಸುತ್ತಿಕೊಂಡಿವೆ.

ಮೊದಲನೆಯದು, ಕೊನೆಯ ಮಾತು ಯಾರದ್ದು ಅನ್ನುವುದು. ಇದನ್ನು ಮುಂಗಡ ತೆಗೆದುಕೊಳ್ಳುವ ಮೊದಲೇ ಕೇಳಬೇಕು. ‘ಲೋಗೋಗೆ ಹೂಂ ಅನ್ನುವವರು ಯಾರು? ಅವರು ಮೊದಲ ಮೀಟಿಂಗಿಗೆ ಬರುತ್ತಾರಾ?’ ಬರುವುದಿಲ್ಲ ಅಂದರೆ ಅವರು ಕೊನೆಯಲ್ಲಿ ಬಂದೇ ಬರುತ್ತಾರೆ, ಬಂದಾಗ ಎಲ್ಲವೂ ಮೊದಲಿನಿಂದ. ಒಪ್ಪಂದದಲ್ಲಿ ಒಬ್ಬರ ಹೆಸರು ಬರೆಯಿರಿ. ಉಳಿದವರ ಅಭಿಪ್ರಾಯವನ್ನೆಲ್ಲ ಅವರು ಒಂದೇ ಪತ್ರದಲ್ಲಿ ಕೊಡಲಿ. ಮೂವರು ಮೂರು ವಾಟ್ಸ್ಆ್ಯಪ್ ಸಂದೇಶ ಕಳಿಸಿ, ಒಂದಕ್ಕೊಂದು ತಾಳೆಯಾಗದಿದ್ದರೆ ಆ ಜಗಳ ಬಿಡಿಸುವುದು ನಿಮ್ಮ ಕೆಲಸ ಅಲ್ಲ.

ಎರಡನೆಯದು ಎಣಿಕೆ. ‘ತೃಪ್ತಿಯಾಗುವವರೆಗೆ ಬದಲಾವಣೆ’ ಎಂದು ಬರೆದುಕೊಡುವ ಸ್ಟುಡಿಯೊಗಳಿವೆ. ದಯವಿಟ್ಟು ಬೇಡ. ಎರಡು ಅಥವಾ ಮೂರು ಸುತ್ತು ಅಂತ ಬರೆಯಿರಿ. ಜೊತೆಗೆ ತಿದ್ದುಪಡಿ ಅಂದರೆ ಏನು ಅನ್ನುವುದನ್ನೂ ಹೇಳಿ. ಒಪ್ಪಿದ ವಿನ್ಯಾಸದಲ್ಲಿ ಬಣ್ಣ, ಅಳತೆ, ಜಾಗ ಸರಿಪಡಿಸುವುದು ತಿದ್ದುಪಡಿ. ‘ಇದು ಬೇಡ, ಬೇರೇನಾದರೂ ಮಾಡಿ’ ಅನ್ನುವುದು ಹೊಸ ಕೆಲಸ. ಮಿತಿ ದಾಟಿದಾಗ ಮುಖ ಗಂಟಿಕ್ಕುವುದೂ ಬೇಡ, ಸುಮ್ನೆ ಮಾಡಿಕೊಟ್ಟು ಒಳಗೊಳಗೇ ಕುದಿಯುವುದೂ ಬೇಡ. ಇಷ್ಟು ಬರೆದರೆ ಸಾಕು:

‘ನೀವು ಹೇಳಿದ ಬದಲಾವಣೆ ಖಂಡಿತ ಮಾಡಬಹುದು. ಇದು ನಾವು ಒಪ್ಪಿಕೊಂಡ ಮೂರು ಸುತ್ತಿನ ಆಚೆಗೆ ಬರುತ್ತದೆ. ಎರಡು ದಿನದ ಕೆಲಸ, ಇಷ್ಟು ಹಣ ಆಗುತ್ತದೆ. ಸರಿ ಅಂದರೆ ಸೋಮವಾರ ಶುರು ಮಾಡುತ್ತೇನೆ.’

ಎಷ್ಟೋ ಸಲ ಈ ಪತ್ರ ಹೋದ ಮೇಲೆ ಆ ಬದಲಾವಣೆಯೇ ಬೇಡವಾಗುತ್ತದೆ. ಬೇಕು ಅಂದರೆ ನಿಮಗೆ ಹಣ ಬರುತ್ತದೆ. ಎರಡೂ ಒಳ್ಳೆಯದೇ ಅಲ್ವಾ?

ಮೂರನೆಯದು ಆ ‘ಜೀವ’. ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಇಂಥ ಮಾತಿಗೆ ಕಂಪ್ಯೂಟರ್ ಮುಂದೆ ಕೂತು ಉತ್ತರ ಹುಡುಕಬೇಡಿ. ವಾಪಸ್ ಕೇಳಿ. ‘ಯಾವ ಜಾಗ ಸಪ್ಪೆ ಅನ್ನಿಸಿತು? ಮೊಬೈಲಿನಲ್ಲಿ ನೋಡಿದಿರಾ, ದೊಡ್ಡ ಪರದೆಯಲ್ಲಾ? ನಿಮ್ಮ ಗ್ರಾಹಕರು ಈ ಪುಟಕ್ಕೆ ಬಂದು ಮೊದಲು ಏನು ಮಾಡಬೇಕು?’ ‘ಲೋಗೋ ದೊಡ್ಡದು ಮಾಡಿ’ ಅನ್ನುವುದರ ಹಿಂದೆ ಸಾಮಾನ್ಯವಾಗಿ ಇರುವುದು ಬೇರೆ ಅನುಮಾನ: ಇದು ನಮ್ಮ ಕಂಪನಿಯ ಪುಟ ಅಂತ ಜನಕ್ಕೆ ಗೊತ್ತಾಗುತ್ತದಾ? ಅದಕ್ಕೆ ಬೇರೆ ಪರಿಹಾರಗಳೂ ಇವೆ.

ಅಳತೆ ಸಿಗುವ ಕಡೆ ಅಳತೆಯನ್ನೇ ಮುಂದಿಡಿ. ತಿಳಿಬೂದು ಅಕ್ಷರವೇ ಚೆಂದ ಅಂತ ಗ್ರಾಹಕರು ಹಟ ಹಿಡಿದರೆ ‘ನನಗೆ ಇಷ್ಟವಿಲ್ಲ’ ಅನ್ನಬೇಡಿ. ವೆಬ್‌ನ ಸುಲಭಬಳಕೆಯ ಮಾನದಂಡವಾದ ಡಬ್ಲ್ಯುಸಿಎಜಿ ಪ್ರಕಾರ ಮಾಮೂಲಿ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು. ದೊಡ್ಡ ಅಕ್ಷರಕ್ಕೆ 3:1 ಸಾಕು. ಅಳೆದು ತೋರಿಸಿ. ಲೋಗೋದಲ್ಲಿ ಸಣ್ಣ ಸಣ್ಣ ಗೆರೆ ತುಂಬಿಸಿ ಅಂದರೆ ಅದನ್ನು 16 ಪಿಕ್ಸೆಲ್‌ಗೆ ಇಳಿಸಿ, ಬ್ರೌಸರಿನ ಟ್ಯಾಬಿನಲ್ಲಿ ಇಟ್ಟು ತೋರಿಸಿ. ಮಸಿಯ ಚುಕ್ಕೆಯಂತೆ ಕಂಡರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಎಷ್ಟು ಆಯ್ಕೆ ತೋರಿಸಬೇಕು ಅಂತಲೂ ಬಹಳ ಜನ ಕೇಳುತ್ತಾರೆ. 1986ರಲ್ಲಿ ಅಮೆರಿಕದ ಹೆಸರಾಂತ ವಿನ್ಯಾಸಕಾರ ಪಾಲ್ ರ‍್ಯಾಂಡ್ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಗೆ ಒಂದೇ ಒಂದು ಲೋಗೋ ಕೊಟ್ಟರು. ಬೆಲೆ ಒಂದು ಲಕ್ಷ ಡಾಲರ್. ನಾವು ನೀವು ಹಾಗೆ ಮಾಡಿದರೆ ಮನೆಗೆ ಕಳಿಸುತ್ತಾರೆ, ಅದು ಬೇರೆ ಮಾತು. ಆದರೆ ಅವರು ಆ ಲೋಗೋ ಜೊತೆಗೆ ಒಂದು ಪುಸ್ತಿಕೆಯನ್ನೇ ಕೊಟ್ಟಿದ್ದರು. ಯಾಕೆ ಹೀಗೆ ಅಂತ ಹಂತ ಹಂತವಾಗಿ ವಿವರಿಸುವ ಪುಸ್ತಿಕೆ. ನಾವು ಅವರಿಂದ ಪಡೆಯಬೇಕಾದದ್ದು ಅದನ್ನು. ಎರಡು ದಿಕ್ಕು ತೋರಿಸಿ, ಎರಡಕ್ಕೂ ಕಾರಣ ಹೇಳಿ. ಆರು ತೋರಿಸಿದರೆ ಗ್ರಾಹಕರು ಒಂದರ ತಲೆ, ಇನ್ನೊಂದರ ಬಾಲ ಸೇರಿಸಿ ಏಳನೆಯದನ್ನು ಕೇಳುತ್ತಾರೆ.

ಪ್ರಶ್ನೆ: ಸೈಟ್ ಸಿದ್ಧವಾಗಿ ತಿಂಗಳುಗಳಾದವು. ಗ್ರಾಹಕರು ಬರಹ, ಫೋಟೊ ಕೊಡುತ್ತಿಲ್ಲ. ‘ಲೈವ್ ಆದ ಮೇಲೆ ಬಾಕಿ ಹಣ’ ಅಂತ ಒಪ್ಪಂದ. ನಾನು ಸಿಕ್ಕಿಹಾಕಿಕೊಂಡಿದ್ದೇನೆ.

ಲೈವ್ ಆಗುವ ದಿನ ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಹಣವನ್ನು ಅದಕ್ಕೆ ಕಟ್ಟಿಹಾಕಲೇಬಾರದು. ಮುಂದಿನ ಕೆಲಸಕ್ಕೆ ಹೀಗೆ ಬರೆಯಿರಿ: ಶುರುವಿಗೆ 40 ಪಾಲು, ವಿನ್ಯಾಸ ಒಪ್ಪಿದಾಗ 30, ಪರೀಕ್ಷೆಯ ಸೈಟನ್ನು ತೋರಿಸಿದ ದಿನದಿಂದ 15 ದಿನಕ್ಕೆ ಉಳಿದ 30, ಲೈವ್ ಆಗಲಿ ಬಿಡಲಿ. ಪಾಲು ನಿಮಗೆ ತಕ್ಕಂತೆ ಬದಲಾಗಬಹುದು. ಕೊನೆಯ ಕಂತು ನಿಮ್ಮ ಕೆಲಸ ಮುಗಿದ ದಿನಕ್ಕೆ ಅಂಟಿಕೊಂಡಿರಬೇಕು, ಅದು ಮುಖ್ಯ.

ಈಗ ಸಿಕ್ಕಿಹಾಕಿಕೊಂಡಿರುವುದಕ್ಕೆ: ಬೇಕಾದ ಬರಹದ ಪಟ್ಟಿಯನ್ನು ಪುಟದ ಲೆಕ್ಕದಲ್ಲಿ ಕಳಿಸಿ. ‘ಕಂಟೆಂಟ್ ಕಳಿಸಿ’ ಅಂದರೆ ಯಾರಿಗೂ ಕೈ ಓಡುವುದಿಲ್ಲ. ‘ನಮ್ಮ ಬಗ್ಗೆ ಪುಟಕ್ಕೆ 120 ಪದ, ಯಾವಾಗ ಶುರುವಾಯಿತು, ಯಾರಿಗೆ ಏನು ಮಾಡಿಕೊಡುತ್ತೀರಿ’ ಎಂದು ಕೇಳಿದರೆ ಸಂಜೆಯೊಳಗೆ ಬರಬಹುದು. ಅದೂ ಆಗದಿದ್ದರೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿಸಿ ನೀವೇ ಬರೆಯಿರಿ, ಅದಕ್ಕೆ ಬೇರೆ ಬಿಲ್ ಹಾಕಿ. ಮುಂದಿನ ಸಲ ಬರಹ ಬರದೆ ವಿನ್ಯಾಸ ಶುರು ಮಾಡಬೇಡಿ. ಜಾಗ ತುಂಬಿಸಲು ಏನೋ ಒಂದು ಬರಹ ಹಾಕಿ ಮಾಡಿದ ಚೆಂದದ ಪುಟಕ್ಕೆ ನಿಜದ ಬರಹ ಬಂದಾಗ ಅದು ಹೇಗೂ ಹಾಳಾಗುತ್ತದೆ.

ಪ್ರಶ್ನೆ: ‘ಮೊದಲು ಎರಡು ಮೂರು ಸ್ಯಾಂಪಲ್ ಮಾಡಿ ತೋರಿಸಿ, ಹಿಡಿಸಿದರೆ ಮುಂದೆ ತುಂಬಾ ಕೆಲಸ ಕೊಡ್ತೀವಿ’ ಅನ್ನುತ್ತಾರೆ. ಮಾಡಲಾ?

ಬೇಡ. ಮೂಗಿಗೆ ತುಪ್ಪ ಸವರುವ ಮಾತು ಅದು. ಅಮೆರಿಕದ ವಿನ್ಯಾಸಕಾರರ ಸಂಘ ಎಐಜಿಎ ಕೂಡ ಇಂಥ ಬಿಟ್ಟಿ ಸ್ಯಾಂಪಲ್ ಪದ್ಧತಿಯನ್ನು ಬಹಳ ಹಿಂದಿನಿಂದ ವಿರೋಧಿಸುತ್ತಾ ಬಂದಿದೆ. ಹಳೇ ಕೆಲಸ ತೋರಿಸಿ. ಅಷ್ಟಕ್ಕೂ ನಂಬಿಕೆ ಬರದಿದ್ದರೆ ಹಣ ಪಡೆದು ಮಾಡುವ ಸಣ್ಣ ಕೆಲಸವೊಂದನ್ನು ಮುಂದಿಡಿ: ಒಂದು ಪುಟ, ಒಂದು ವಾರ.

ಪ್ರಶ್ನೆ: ಗ್ರಾಹಕರ ಡೊಮೇನ್, ಅಂದರೆ ಸೈಟಿನ ವಿಳಾಸ, ಹಿಂದಿನ ಡಿಸೈನರ್ ಹೆಸರಿನಲ್ಲಿದೆ. ಅವರು ಫೋನ್ ಎತ್ತುತ್ತಿಲ್ಲ. ಹೊಸ ಸೈಟ್ ಹಾಕುವುದು ಹೇಗೆ?

ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಸದ್ಯಕ್ಕೆ ಯಜಮಾನರು. ಆದ್ದರಿಂದ ನೀವು ಮಧ್ಯೆ ಹೋಗಿ ಜಗಳ ಕಾಯಬೇಡಿ. ಗ್ರಾಹಕರೇ ಲಿಖಿತವಾಗಿ ಕೇಳಲಿ. ಹಳೇ ಬಾಕಿ ಏನಾದರೂ ಇದೆಯಾ ಅಂತ ಮೆಲ್ಲಗೆ ವಿಚಾರಿಸಿ. ಫೋನ್ ಎತ್ತದಿರುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಬೇಕಾದದ್ದು ಎರಡರಲ್ಲೊಂದು: ಅದೇ ರಿಜಿಸ್ಟ್ರಾರ್‌ನಲ್ಲಿ (ಡೊಮೇನ್ ನೋಂದಾಯಿಸುವ ಕಂಪನಿ) ಗ್ರಾಹಕರ ಖಾತೆಗೆ ವರ್ಗಾವಣೆ, ಇಲ್ಲವೇ ಬೇರೆ ಕಡೆ ಒಯ್ಯಲು ಬೇಕಾದ ರಹಸ್ಯ ಕೋಡ್.

ಅವಧಿ ಯಾವಾಗ ಮುಗಿಯುತ್ತದೆ ಅಂತ ಇವತ್ತೇ ನೋಡಿ. ಡಾಟ್ ಕಾಮ್‌ನಂಥ ಹೆಸರನ್ನು ನವೀಕರಿಸದೆ ಬಿಟ್ಟು ಅದು ಅಳಿಸಿಹೋದರೆ, ಆಮೇಲೂ 30 ದಿನ ಮರಳಿ ಪಡೆಯುವ ಅವಕಾಶವಿದೆ. ಆದರೆ ದಂಡ ಜಾಸ್ತಿ, ಅದೂ ಹಳೇ ಹೆಸರಿನವರೇ ಕೇಳಬೇಕು.

ಡೊಮೇನ್ ಕೈಗೆ ಬಂತು ಅಂತ ಖುಷಿಯಲ್ಲಿ ನೇಮ್‌ಸರ್ವರ್ ಬದಲಿಸಿಬಿಡಬೇಡಿ. ಸೈಟು ಎಲ್ಲಿದೆ, ಇಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಡಿಎನ್ಎಸ್ ದಾಖಲೆಗಳು ಇರುವುದು ಆ ನೇಮ್‌ಸರ್ವರಿನಲ್ಲೇ. ಮೊದಲು ಹಳೆಯವನ್ನೆಲ್ಲ ನಕಲು ಮಾಡಿಕೊಳ್ಳಿ. ಎಂಎಕ್ಸ್ ದಾಖಲೆ ಬಿಟ್ಟುಹೋದರೆ ಇಮೇಲ್ ಬರುವುದು ನಿಲ್ಲುತ್ತದೆ. ಇಮೇಲ್ ಕಳಿಸಿದವರು ಇವರೇ ಅಂತ ಖಚಿತಪಡಿಸುವ ಎಸ್‌ಪಿಎಫ್, ಡಿಕಿಮ್ ಇರುವ ಟಿಎಕ್ಸ್‌ಟಿ ದಾಖಲೆ ಬಿಟ್ಟರೆ ಅವರು ಕಳಿಸಿದ್ದು ಸ್ಪ್ಯಾಮ್ ಸೇರಬಹುದು. ಸೈಟ್ ಎಷ್ಟೇ ಚೆನ್ನಾಗಿರಲಿ, ಇಮೇಲ್ ನಿಂತರೆ ನಿಮ್ಮ ಹೆಸರು ಕೆಡುತ್ತದೆ. ಹಾಗೆಯೇ ನೀವು ಯಾರಿಗಾದರೂ ಡೊಮೇನ್ ಕೊಂಡುಕೊಟ್ಟರೆ ಅವರ ಹೆಸರು, ಅವರ ಇಮೇಲ್, ಅವರ ಕಾರ್ಡ್. ನಿಮಗೆ ಒಳಗೆ ಹೋಗುವ ಅನುಮತಿ ಇದ್ದರೆ ಸಾಕು.

ಪ್ರಶ್ನೆ: ಲೋಗೋ ಕೊಟ್ಟ ಮೇಲೆ ‘ಎಲ್ಲಾ ಒರಿಜಿನಲ್ ಫೈಲ್ ಕೊಡಿ, ಫಾಂಟೂ ಕೊಡಿ’ ಅಂದರು. ಕೊಡಬೇಕಾ?

ಲೋಗೋದ ವೆಕ್ಟರ್ ಫೈಲ್ (ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ, ಗೆರೆಗಳಿಂದಾದ ಫೈಲ್) ಕೊಡಲೇಬೇಕು. ಎಸ್‌ವಿಜಿ, ಪಿಡಿಎಫ್, ಹಿನ್ನೆಲೆ ಇಲ್ಲದ ಪಿಎನ್‌ಜಿ, ಒಂದೇ ಬಣ್ಣದ ಕಪ್ಪು ಮತ್ತು ಬಿಳಿ ರೂಪ, ಪರದೆಗೆ ಆರ್‌ಜಿಬಿ ಮತ್ತು ಮುದ್ರಣಕ್ಕೆ ಸಿಎಂವೈಕೆ ಬಣ್ಣದ ಸಂಖ್ಯೆ. ಇಷ್ಟಿಲ್ಲದೆ ಲೋಗೋ ಕೊಟ್ಟಂತಾಗುವುದಿಲ್ಲ. ತಿರಸ್ಕಾರವಾದ ಕರಡು, ವೆಬ್ ವಿನ್ಯಾಸದ ಮೂಲ ಫೈಲ್ ಇವು ಒಪ್ಪಂದದಂತೆ.

ಫಾಂಟ್ ಮಾತ್ರ ಬೇರೆ. ನೀವು ಕೊಂಡದ್ದು ನಿಮ್ಮ ಲೈಸೆನ್ಸ್. ಅದನ್ನು ಸಾಮಾನ್ಯವಾಗಿ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಡೆಸ್ಕ್‌ಟಾಪ್ ಲೈಸೆನ್ಸ್ ಇದೆ ಅಂತ ಸೈಟಿಗೆ ಹಾಕಲೂ ಸಾಮಾನ್ಯವಾಗಿ ಆಗುವುದಿಲ್ಲ. ಲೋಗೋದಲ್ಲಿನ ಅಕ್ಷರವನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಇಲ್ಲದೆಯೂ ಕಾಣುವ ಗೆರೆಗಳಾಗಿ ಬದಲಿಸಿ, ಕೊಡಿ. ಪತ್ರ, ಸೈಟಿಗೆ ಬೇಕಾದ ಫಾಂಟನ್ನು ಗ್ರಾಹಕರೇ ಕೊಳ್ಳಲಿ, ಇಲ್ಲವೇ ಯಾರು ಬೇಕಾದರೂ ಬಳಸಬಹುದಾದ ಎಸ್ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಸಿಗುವ ಫಾಂಟನ್ನು ಶುರುವಿನಲ್ಲೇ ಆರಿಸಿ.

ಹಕ್ಕಿನ ಬಗ್ಗೆ ಒಂದು ಮಾತು. ಕೃತಿಸ್ವಾಮ್ಯದ (ಕಾಪಿರೈಟ್) ಅಂತರರಾಷ್ಟ್ರೀಯ ಒಡಂಬಡಿಕೆಯಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಆ ಹಕ್ಕಿಗೆ ನೋಂದಣಿ ಬೇಕಿಲ್ಲ. ಅದು ಯಾವಾಗ, ಹೇಗೆ ಗ್ರಾಹಕರ ಕೈಗೆ ಹೋಗುತ್ತದೆ ಅನ್ನುವ ನಿಯಮ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಅದಕ್ಕೇ ‘ಪೂರ್ತಿ ಹಣ ಬಂದ ದಿನ ಹಕ್ಕು ವರ್ಗಾವಣೆ’ ಎಂದು ಒಂದು ಸಾಲು ಬರೆದಿಡಿ. ಬಾಕಿ ವಸೂಲಿಗೂ ಇದು ಒದಗುತ್ತದೆ.

ಪ್ರಶ್ನೆ: ಗ್ರಾಹಕರು ಎಐಯಲ್ಲಿ ಲೋಗೋ ಮಾಡಿಕೊಂಡು ಬಂದು ‘ಸ್ವಲ್ಪ ಸರಿ ಮಾಡಿಕೊಡಿ’ ಅನ್ನುತ್ತಾರೆ. ಅವಮಾನ ಅನ್ನಿಸುತ್ತದೆ.

ಅವಮಾನ ಅಂದುಕೊಳ್ಳಬೇಡಿ. ಅದನ್ನು ಅವರ ಮನಸ್ಸಿನಲ್ಲಿರುವ ಚಿತ್ರ ಅಂತ ನೋಡಿ. ‘ಇದರಲ್ಲಿ ನಿಮಗೆ ಹಿಡಿಸಿದ್ದು ಏನು?’ ಎಂದು ಕೇಳಿದರೆ ಒಂದು ಮೀಟಿಂಗ್ ಉಳಿಯುತ್ತದೆ.

ಆದರೆ ‘ಸರಿ ಮಾಡುವ’ ಬೆಲೆಗೆ ಒಪ್ಪಬೇಡಿ. ಅಂಥ ಚಿತ್ರ ಸಾಮಾನ್ಯವಾಗಿ ಪಿಕ್ಸೆಲ್ ರೂಪದಲ್ಲಿರುತ್ತದೆ, ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಗೆರೆಗಳನ್ನು ಮತ್ತೆ ಮೊದಲಿನಿಂದ ಎಳೆಯಬೇಕು. ಅಂದರೆ ಅದು ಪೂರ್ತಿ ಲೋಗೋ ಕೆಲಸವೇ. ಇನ್ನೊಂದನ್ನೂ ಅವರಿಗೆ ಹೇಳಿ: ಮನುಷ್ಯರ ಸೃಷ್ಟಿ ಇಲ್ಲದ ಕೃತಿಗೆ ಕಾಪಿರೈಟ್ ಇಲ್ಲ ಅನ್ನುವುದು ಅಮೆರಿಕದ ಕಾಪಿರೈಟ್ ಕಚೇರಿಯ ನಿಲುವು. ಟ್ರೇಡ್‌ಮಾರ್ಕ್ ಬೇರೆ ವಿಷಯ. ಆ ಚಿತ್ರ ಈಗಾಗಲೇ ಬೇರೆಯವರ ಗುರುತನ್ನು ಹೋಲುತ್ತದೆಯೇ ಅಂತ ಹುಡುಕದೆ ಬೋರ್ಡಿಗೆ ಏರಿಸಿದರೆ ನೋಟಿಸ್ ಬರುವುದು ಅವರಿಗೆ. ಟ್ರೇಡ್‌ಮಾರ್ಕ್ ಹುಡುಕಾಟದ ಹೊಣೆ ಗ್ರಾಹಕರದ್ದು ಎಂದು ನಿಮ್ಮ ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ. ಅವರು ತಂದ ಚಿತ್ರವನ್ನೂ ದಿನಾಂಕ ಹಾಕಿ ಫೈಲಿನಲ್ಲಿ ಉಳಿಸಿಕೊಳ್ಳಿ.