ಹಸಿದು ಬಂದ ಕುದುರೆಗೆ ಮೊದಲ ಹತ್ತು ದಿನ ಹೊಟ್ಟೆ ತುಂಬ ಹಾಕಬೇಡಿ

ನಾಲ್ಕು ಎಕರೆ ತೋಟವಿದೆ, ಬೀದಿಗೆ ಬಿಟ್ಟ ಜಟಕಾ ಕುದುರೆಗಳನ್ನು ಮನೆಯವರೇ ಸೇರಿ ಸಾಕಬೇಕೆಂದಿದ್ದೇವೆ, ಎಷ್ಟು ಕುದುರೆಗಳನ್ನು ಇಟ್ಟುಕೊಳ್ಳಬಹುದು, ಎಲುಬು ಕಾಣುವಷ್ಟು ಬಡವಾದ ಕುದುರೆಗೆ ಬೇಗ ಮೈ ಬರಿಸಲು ಏನು ತಿನ್ನಿಸಬೇಕು ಎಂದು ಕೇಳಿದ್ದೀರಿ. ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬೇಗ ಮೈ ಬರಿಸಬೇಕೆಂಬ ಅದೇ ಆತುರದಲ್ಲಿ ನಮ್ಮ ಮನೆಗೆ ಬಂದ ಮೊದಲ ಕುದುರೆಯನ್ನು ನಾವೇ ಕೈಯಾರೆ ಕೊಂದೆವು.

ನಮ್ಮ ತಂದೆ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದವರು. ದಸರೆಯ ದಿನಗಳಲ್ಲಿ ಅರಮನೆಯ ಸುತ್ತಮುತ್ತ ಬಿಡುವಿಲ್ಲದ ಬಾಡಿಗೆ, ಮಳೆಗಾಲದಲ್ಲಿ ದಿನವಿಡೀ ಕಾದರೂ ಗಿರಾಕಿಯಿಲ್ಲ. ಬಾಡಿಗೆ ತಪ್ಪಿದ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಕುದುರೆಯ ಮೇವು ಎಂಬುದನ್ನು ನಾವು ಚಿಕ್ಕಂದಿನಿಂದ ಕಂಡವರು. ತಂದೆಯವರು ಗಾಡಿ ಮಾರಿ ಊರಿನ ಜಮೀನಿಗೆ ಬಂದು ನೆಲೆಸಿದ ಮೇಲೂ ಹಳೆಯ ಪರಿಚಯದವರು ಅವರನ್ನು ಮರೆತಿರಲಿಲ್ಲ. ಹಾಗೆಯೇ ಒಬ್ಬರು, ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ, ನೀವಾದರೂ ಉಳಿಸಿಕೊಳ್ಳಿ ಎಂದು ಒಂದು ಕೆಂಪು ಹೆಣ್ಣು ಕುದುರೆಯನ್ನು ತಂದು ಒಪ್ಪಿಸಿದರು. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು, ಬಾಲದ ಬುಡದ ಎರಡೂ ಬದಿಯಲ್ಲಿ ಮಾಂಸವೇ ಇರಲಿಲ್ಲ, ಕತ್ತಿನ ಮೇಲ್ಭಾಗ ಒಳಕ್ಕೆ ಕುಸಿದಿತ್ತು.

ಕುದುರೆಗೆ ಏನು ಹಾಕಬೇಕೆಂಬುದು ತಂದೆಯವರಿಗೆ ತಿಳಿಯದ ವಿಷಯವಾಗಿರಲಿಲ್ಲ. ಬೇಯಿಸಿದ ಹುರುಳಿ, ಗೋಧಿ ಬೂಸಾ, ಅದಕ್ಕೆ ಒಂದಿಷ್ಟು ಬೆಲ್ಲ ಮತ್ತು ಉಪ್ಪು ಕಲಸಿ ಕೊಡುವುದು ಅವರು ಜೀವನವಿಡೀ ಮಾಡಿಕೊಂಡು ಬಂದ ಕೆಲಸ. ಆದರೆ ಅದು ದಿನವಿಡೀ ಗಾಡಿ ಎಳೆದು ಸಂಜೆ ಲಾಯಕ್ಕೆ ಬರುವ, ನಿನ್ನೆಯೂ ಮೊನ್ನೆಯೂ ಹೊಟ್ಟೆ ತುಂಬ ತಿಂದಿರುವ ಕುದುರೆಯ ಮೇವು. ತಿಂಗಳುಗಟ್ಟಲೆ ಉಪವಾಸವಿದ್ದ ಕುದುರೆಯನ್ನು ಸಾಕಿದ ಅನುಭವ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ, ಯಾರನ್ನಾದರೂ ಕೇಳಬೇಕೆಂಬ ಯೋಚನೆಯೂ ನಮಗೆ ಬರಲಿಲ್ಲ. ಅಮ್ಮ ಬೆಳಿಗ್ಗೆಯೂ ಸಂಜೆಯೂ ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯಿಸಿದರು. ಕುದುರೆ ಬಾನಿಯಿಂದ ಮುಖವೆತ್ತದೆ ತಿಂದಿತು. ಮಾರನೆಯ ದಿನ ಕಿವಿ ನಿಮಿರಿಸಿ ನಮ್ಮನ್ನು ನೋಡಿ ಕೆನೆಯಿತು. ಅದನ್ನು ಕಂಡು ನಾವು ಇನ್ನಷ್ಟು ಹಾಕಿದೆವು. ಆಮೇಲೆ ಲದ್ದಿ ತೆಳುವಾಯಿತು, ಕಾಲುಗಳು ಊದಿಕೊಂಡವು, ಹೆಜ್ಜೆ ತಡವರಿಸತೊಡಗಿತು, ಒಂದು ಬೆಳಿಗ್ಗೆ ಮಲಗಿದ್ದಲ್ಲಿಂದ ಏಳಲಾಗಲಿಲ್ಲ. ವೈದ್ಯರು ಬರುವಷ್ಟರಲ್ಲಿ ಉಸಿರು ಮೇಲಕ್ಕೂ ಕೆಳಕ್ಕೂ ಆಗುತ್ತಿತ್ತು. ಬಂದ ವಾರ ತುಂಬುವ ಮೊದಲೇ ಅದು ಸತ್ತುಹೋಯಿತು.

ಏನಾಯಿತೆಂಬುದನ್ನು ಆ ವೈದ್ಯರೇ ನಮ್ಮ ಜಗಲಿಯಲ್ಲಿ ಕುಳಿತು ವಿವರಿಸಿದರು. ಇದನ್ನು ನಾನು ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಕಾರಣ ತಿಳಿಯದವರು ಎರಡು ದಿನ ಮೇವನ್ನು ಹಿಡಿದು ಹಾಕಿ, ಮೂರನೆಯ ದಿನ ಕುದುರೆಯ ಮುಖ ನೋಡಿ ಮನಸ್ಸು ಕರಗಿ ಕೈ ಬಿಚ್ಚುತ್ತಾರೆ. ಉಪವಾಸ ಬಿದ್ದ ಕುದುರೆಯ ದೇಹ ಮೊದಲು ಕೊಬ್ಬನ್ನು ಕರಗಿಸಿಕೊಳ್ಳುತ್ತದೆ, ಅದು ಮುಗಿದ ಮೇಲೆ ಸ್ನಾಯುಗಳನ್ನು ಕರಗಿಸಿಕೊಳ್ಳುತ್ತದೆ, ಹೃದಯದ ಸ್ನಾಯುವೂ ಅದರಲ್ಲಿ ಸೇರಿದೆ. ಈ ಅವಧಿಯಲ್ಲಿ ಜೀವಕೋಶಗಳ ಒಳಗಿರುವ ರಂಜಕ (ಫಾಸ್ಫರಸ್), ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಖಾಲಿಯಾಗುತ್ತ ಬರುತ್ತವೆ, ಆದರೆ ರಕ್ತದಲ್ಲಿ ಮಾತ್ರ ಅವು ಸರಿಯಾದ ಮಟ್ಟದಲ್ಲಿಯೇ ಇರುವಂತೆ ಕಾಣಬಹುದು. ಹೀಗಿರುವ ಕುದುರೆಗೆ ಕಾಳು, ಬೂಸಾ, ಬೆಲ್ಲಗಳಂತಹ ಪಿಷ್ಟ ಮತ್ತು ಸಕ್ಕರೆಯ ಆಹಾರವನ್ನು ಒಮ್ಮೆಲೇ ಕೊಟ್ಟಾಗ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಜೀವಕೋಶಗಳ ಒಳಗೆ ಸೆಳೆದುಕೊಳ್ಳುವಾಗ ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂಗಳೂ ಅದರೊಂದಿಗೆ ಒಳಗೆ ಹೋಗಿಬಿಡುತ್ತವೆ. ರಕ್ತದಲ್ಲಿ ಅವುಗಳ ಮಟ್ಟ ಕುಸಿದೊಡನೆ ಹೃದಯವೂ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಇದು ತಿಂದ ದಿನವೇ ಆಗುವುದಿಲ್ಲ. ಸಾಮಾನ್ಯವಾಗಿ ಮೂರನೆಯ ದಿನದಿಂದ ಹತ್ತನೆಯ ದಿನದೊಳಗೆ ಆಗುತ್ತದೆ, ಆದ್ದರಿಂದಲೇ ನಡುವಿನ ಚೇತರಿಕೆಯನ್ನು ಕಂಡು ಮನೆಯವರು ಮೋಸಹೋಗುತ್ತಾರೆ. ಇದರ ಮೇಲೆ, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಪಿಷ್ಟವು ದೊಡ್ಡ ಕರುಳಿಗೆ ಹೋಗಿ ಹುಳಿಯಾಗಿ ಹೊಟ್ಟೆಶೂಲೆಯನ್ನೂ ಗೊರಸಿನ ಒಳಗಿನ ಉರಿಯೂತವನ್ನೂ ತರುವ ಅಪಾಯವೂ ಇದೆ.

ಸರಿಯಾದ ಕ್ರಮವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಹಸಿದ ಕುದುರೆಗಳ ಮೇಲೆಯೇ ಪರೀಕ್ಷಿಸಿ ನೋಡಿ ಹೇಳಿದ್ದಾರೆ. ಮೊದಲ ಮೂರು ದಿನ, ಸುಮಾರು 450 ಕೆ.ಜಿ. ತೂಕದ ಕುದುರೆಗಾದರೆ, ನಾಲ್ಕು ಗಂಟೆಗೊಮ್ಮೆ ಅರ್ಧ ಕೆ.ಜಿ. ಒಣಗಿಸಿದ ಲೂಸರ್ನ್, ಅಂದರೆ ನಮ್ಮ ರೈತರ ಕುದುರೆ ಮೆಂತ್ಯ, ಅಷ್ಟೇ. ನಾಲ್ಕನೆಯ ದಿನದಿಂದ ಹತ್ತನೆಯ ದಿನದವರೆಗೆ ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ಹೊತ್ತುಗಳನ್ನು ಕಡಿಮೆ ಮಾಡುತ್ತ ಬರಬೇಕು. ಹತ್ತು ದಿನ ಕಳೆದ ಮೇಲೆ ಬೇಕೆನಿಸಿದಷ್ಟು ಮೇವು ಕೊಡಬಹುದು. ನಮ್ಮ ಕಡೆಯ ಜಟಕಾ ಕುದುರೆಗಳು ಇದಕ್ಕಿಂತ ಸಣ್ಣವು, ಆದ್ದರಿಂದ ತೂಕಕ್ಕೆ ತಕ್ಕಂತೆ ಇಳಿಸಿಕೊಳ್ಳಬೇಕು. ಲೂಸರ್ನ್‌ನಲ್ಲಿ ಪಿಷ್ಟ ಕಡಿಮೆ, ಪ್ರೋಟೀನು, ಮೆಗ್ನೀಸಿಯಂ ಮತ್ತು ರಂಜಕ ಹೆಚ್ಚು, ಅದಕ್ಕಾಗಿಯೇ ಅದನ್ನು ಆರಿಸಿದ್ದಾರೆ. ಹಸಿ ಸೊಪ್ಪಿನಲ್ಲಿ ನೀರಿನಂಶವೇ ಬಹಳ, ಹಾಗಾಗಿ ಬಿಸಿಲಿಗೆ ಒಣಗಿಸಿ ತಕ್ಕಡಿಯಲ್ಲಿ ತೂಗಿಯೇ ಹಾಕಿ. ಕೈಯಳತೆ ನಂಬಬೇಡಿ, ಮರುಕಪಟ್ಟ ಕೈಯಳತೆಯನ್ನಂತೂ ನಂಬಲೇಬೇಡಿ. ನಡುರಾತ್ರಿಯ ಹೊತ್ತೂ ತಪ್ಪಬಾರದು, ನಮ್ಮ ಮನೆಯಲ್ಲಿ ತಂಗಿ ಮತ್ತು ನಾನು ಸರದಿಯಲ್ಲಿ ಏಳುತ್ತೇವೆ. ನೀರು ಮಾತ್ರ ಸದಾ ಮುಂದಿರಲಿ.

ಯಾವ ಕುದುರೆಗೆ ಈ ಕ್ರಮ ಬೇಕೆಂದು ಕಣ್ಣಂದಾಜಿನಲ್ಲಿ ನಿರ್ಧರಿಸಬೇಡಿ. 1983ರಲ್ಲಿ ಹೆನೆಕ್ ಎಂಬವರೂ ಅವರ ಸಂಗಡಿಗರೂ ರೂಪಿಸಿದ 1ರಿಂದ 9ರವರೆಗಿನ ಅಂಕದ ಪದ್ಧತಿಯೊಂದಿದೆ, 1 ಎಂದರೆ ತೀರ ಬಡಕಲು, 9 ಎಂದರೆ ಅತಿ ಕೊಬ್ಬು. ಕತ್ತು, ಭುಜ, ಪಕ್ಕೆಲುಬು, ಬೆನ್ನು, ಬಾಲದ ಬುಡ ಇವುಗಳನ್ನು ಕೈಯಿಂದ ಒತ್ತಿ ನೋಡಿ ಅಂಕ ಹಾಕಬೇಕು, ಏಕೆಂದರೆ ಒರಟು ಕೂದಲು ಎಷ್ಟೋ ಎಲುಬನ್ನು ಮುಚ್ಚಿಡುತ್ತದೆ. ಅಂಕ 1 ಅಥವಾ 2 ಬಂದರೆ ಮೇವಿನ ಜೊತೆಗೆ ವೈದ್ಯರೂ ಮೊದಲ ದಿನವೇ ಬೇಕು. ಜಂತುಹುಳುವಿನ ಔಷಧಿಯನ್ನೂ ಬಂದ ದಿನವೇ ಕುಡಿಸಲು ಆತುರಪಡಬೇಡಿ, ಲದ್ದಿಯನ್ನು ಪರೀಕ್ಷೆಗೆ ಕಳುಹಿಸಿ, ದೇಹ ತಡೆದುಕೊಳ್ಳುವಂತಾದಾಗ ವೈದ್ಯರ ಮಾತಿನಂತೆ ಕೊಡಿ. ಹಲ್ಲು ನೋಡಿಸಿ. ವಯಸ್ಸಾದ ಕುದುರೆಯ ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಯನ್ನೂ ನಾಲಗೆಯನ್ನೂ ಕೊಯ್ಯುತ್ತಿದ್ದರೆ ಅದು ಅರ್ಧ ಅಗಿದ ಹುಲ್ಲನ್ನು ಉಂಡೆಯಾಗಿ ಉಗುಳುತ್ತದೆ, ನೀವು ಎಷ್ಟು ಹಾಕಿದರೂ ಮೈ ಹತ್ತುವುದಿಲ್ಲ.

ಚೇತರಿಸಿಕೊಂಡ ಮೇಲಿನ ಮೇವಿನ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ತೋಟದಲ್ಲಿ ನೇಪಿಯರ್ ಹುಲ್ಲು ಧಾರಾಳವಾಗಿದೆ, ಅಂಗಡಿಯಲ್ಲಿ ಬೂಸಾ ಸಿಗುತ್ತದೆ, ಇನ್ನೇನು ಬೇಕು ಎಂದುಕೊಳ್ಳುವವರೇ ಹೆಚ್ಚು. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ, ಬೂಸಾದಲ್ಲಿ ರಂಜಕ ಅತಿಯಾಗಿ ಸುಣ್ಣದಂಶ ಕಡಿಮೆ. ಬಹುಕಾಲ ಇವೆರಡರ ಮೇಲೆಯೇ ಬದುಕಿದ ಕುದುರೆಯ ದೇಹ ತನ್ನ ಎಲುಬಿನಿಂದಲೇ ಸುಣ್ಣವನ್ನು ಎಳೆದುಕೊಳ್ಳುತ್ತದೆ, ಮುಖದ ಎಲುಬು ಊದಿಕೊಳ್ಳುತ್ತದೆ, ಕಾಲು ಕುಂಟುತ್ತದೆ. ರಾಗಿ ಹುಲ್ಲು, ಒಣಗಿಸಿದ ಬೇರೆ ಹುಲ್ಲು ಮತ್ತು ಲೂಸರ್ನ್ ಮೇವಿನ ಬಹುಪಾಲಾಗಿರಲಿ, ಖನಿಜ ಮಿಶ್ರಣವನ್ನು ಕೇಳಿ ಹಾಕಿ. ಕೋಳಿಯ ಮೇವನ್ನಂತೂ ಕುದುರೆಗೆ ತಾಕುವಷ್ಟು ಹತ್ತಿರದಲ್ಲಿ ಇಡಲೇಬೇಡಿ. ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕೋಳಿಗೆ ಒಗ್ಗುತ್ತದೆ, ಕುದುರೆಯ ಹೃದಯಕ್ಕೆ ಅತ್ಯಲ್ಪ ಪ್ರಮಾಣದಲ್ಲಿಯೂ ಅದು ವಿಷ. ಕೆಲವು ದನದ ಮೇವುಗಳಲ್ಲಿಯೂ ಅದನ್ನು ಬೆರೆಸುತ್ತಾರೆ, ಆದ್ದರಿಂದ ಚೀಲದ ಮೇಲಿನ ಚೀಟಿಯನ್ನು ಓದದೆ ಏನನ್ನೂ ಸುರಿಯಬಾರದು.

ಇನ್ನು ಎಷ್ಟು ಕುದುರೆಗಳೆಂಬ ಪ್ರಶ್ನೆ. ಎಕರೆಯ ಲೆಕ್ಕ ಹಿಡಿದು ಕುದುರೆಗಳ ಸಂಖ್ಯೆಯನ್ನು ತೀರ್ಮಾನಿಸುವುದೇ ತಪ್ಪು ಎಂದು ನಾನು ಹೇಳುತ್ತೇನೆ. 300 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ ತೂಕದ ಶೇಕಡಾ 2ರಷ್ಟು, ಅಂದರೆ ಸುಮಾರು 6 ಕೆ.ಜಿ. ಒಣಮೇವು ಬೇಕು, ವರ್ಷಕ್ಕೆ ಎರಡು ಟನ್ನಿಗಿಂತ ಹೆಚ್ಚಾಯಿತು. ಬೇಸಿಗೆಯಲ್ಲಿ ಅದನ್ನು ಎಲ್ಲಿಂದ ತರುತ್ತೀರಿ, ಮಳೆ ತಾಗದಂತೆ ಎಲ್ಲಿ ಮೆದೆ ಹಾಕುತ್ತೀರಿ, ಆರರಿಂದ ಎಂಟು ವಾರಗಳಿಗೊಮ್ಮೆ ಗೊರಸು ಕತ್ತರಿಸಲು ಲಾಳ ಕಟ್ಟುವವರು ನಿಮ್ಮ ಊರಿಗೆ ಬರುತ್ತಾರೆಯೇ, ಇವನ್ನು ಮೊದಲು ನೋಡಿಕೊಳ್ಳಿ. ಕುದುರೆ 25 ವರ್ಷ ದಾಟಿ ಬದುಕಬಲ್ಲ ಪ್ರಾಣಿ. ಎರಡು ಕುದುರೆಗಳಿಂದ ಆರಂಭಿಸಿ. ಒಂದನ್ನೇ ತರಬೇಡಿ ಎನ್ನುವುದಕ್ಕೂ ಕಾರಣವಿದೆ, ಅದು ಗುಂಪಿನಲ್ಲಿ ಬದುಕುವ ಜೀವ, ಒಂಟಿಯಾಗಿ ಕಟ್ಟಿದರೆ ಮೇವು ಬಿಟ್ಟು ಬಾಗಿಲು ಕಾಯುತ್ತ ನಿಲ್ಲುತ್ತದೆ.

ಮೂರನೆಯದನ್ನು ತರುವ ಮೊದಲು ಬೇರೆ ಲಾಯ, ಬೇರೆ ಬಕೆಟ್ಟು, ಬೇರೆ ಬಾಚಣಿಗೆ ಸಿದ್ಧವಾಗಿರಲಿ, ಹೊಸ ಕುದುರೆಯನ್ನು ಒಂದು ತಿಂಗಳಾದರೂ ಉಳಿದವುಗಳಿಂದ ದೂರ ಇಡಿ. ಇದು ಅತಿ ಮಡಿವಂತಿಕೆಯಲ್ಲ. ಗ್ಲಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗ ಬೆಂಗಳೂರಿನ ಕುದುರೆಗಳಲ್ಲಿಯೂ ಕಾಣಿಸಿಕೊಂಡಿದೆ. ಅದು ಮನುಷ್ಯರಿಗೂ ಹರಡುತ್ತದೆ, ಅದಕ್ಕೆ ಲಸಿಕೆಯಿಲ್ಲ, ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣದ 2009ರ ಕಾಯಿದೆಯ ಪ್ರಕಾರ ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಪ್ಪಿಸಬೇಕಾಗುತ್ತದೆ. ರಕ್ತಪರೀಕ್ಷೆಯ ವಿಷಯದಲ್ಲಿ ದೇಶದ ಮುಖ್ಯ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಮಾದರಿ ಕಳುಹಿಸುವ ವ್ಯವಸ್ಥೆಯನ್ನು ಪಶುಪಾಲನಾ ಇಲಾಖೆಯ ವೈದ್ಯರ ಮೂಲಕ ಮಾಡಿಸಿಕೊಳ್ಳಿ. ಮೂಗಿನಿಂದ ಅಂಟಂಟಾದ ಸಿಂಬಳ, ಚರ್ಮದ ಮೇಲೆ ಗಂಟು ಅಥವಾ ಹುಣ್ಣು ಕಂಡರೆ ಮಕ್ಕಳನ್ನು ಲಾಯದ ಹತ್ತಿರಕ್ಕೂ ಬಿಡಬೇಡಿ. ಬಿಟ್ಟುಬಿಟ್ಟು ಜ್ವರ, ಹೊಟ್ಟೆಯಡಿಯ ಊತ, ರಕ್ತಹೀನತೆ ಇದ್ದರೆ ನೊಣಗಳಿಂದ ಹರಡುವ ಸರ್ರಾ ರೋಗಕ್ಕೂ ರಕ್ತ ನೋಡಿಸಿ. ಧನುರ್ವಾಯು ಮತ್ತು ಹುಚ್ಚುನಾಯಿ ರೋಗದ ಲಸಿಕೆಗಳನ್ನು ಒಂದು ವರ್ಷವೂ ತಪ್ಪಿಸಬೇಡಿ, ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ.

ಹೊಟ್ಟೆಶೂಲೆಯ ವಿಷಯವನ್ನು ಮನೆಯ ಪ್ರತಿಯೊಬ್ಬರಿಗೂ ಕಲಿಸಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆಯಲ್ಲಿ ಸಿಕ್ಕಿಕೊಂಡದ್ದು ಹಿಂದಕ್ಕೆ ಬರಲಾರದು. ಮೇವು ಬಿಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಪಕ್ಕೆಯತ್ತ ತಿರುಗಿ ತಿರುಗಿ ನೋಡುವುದು, ಹೊರಳಾಡುವುದು ಇದರ ಲಕ್ಷಣ. ಆರೋಗ್ಯವಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಉಷ್ಣತೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಈ ಅಂಕಿಗಳನ್ನು ಲಾಯದ ಗೋಡೆಗೆ ಬರೆಸಿ, ಕುದುರೆ ಚೆನ್ನಾಗಿರುವಾಗಲೇ ಪ್ರತಿದಿನ ಎಣಿಸಿ ಅಭ್ಯಾಸ ಮಾಡಿಕೊಳ್ಳಿ. ನಾಡಿ 60 ದಾಟಿದರೆ ಬೆಳಗಾಗುವವರೆಗೆ ಕಾಯಬಾರದು. ಹಳ್ಳಿಗಳಲ್ಲಿ ದನಕ್ಕೆ ಮಾಡುವಂತೆ ಕುದುರೆಗೂ ಗೊಟ್ಟದಲ್ಲಿ ಎಣ್ಣೆಯನ್ನೋ ಕಷಾಯವನ್ನೋ ಎರೆಯುತ್ತಾರೆ, ದಯವಿಟ್ಟು ಎರೆಯಬೇಡಿ, ಅದು ಶ್ವಾಸಕೋಶಕ್ಕೆ ಇಳಿದು ಶೂಲೆಯ ಜೊತೆಗೆ ನ್ಯುಮೋನಿಯಾವನ್ನೂ ತರುತ್ತದೆ. ವೈದ್ಯರು ಮೂಗಿನ ಮೂಲಕ ಕೊಳವೆ ಇಳಿಸಿ ಕೊಡುತ್ತಾರೆ. ದೂರವಾಣಿಯಲ್ಲಿ 1962 ಒತ್ತಿದರೆ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳಬಹುದು, ಆದರೆ ಕುದುರೆಗೆ ಚಿಕಿತ್ಸೆ ಮಾಡಿ ಅನುಭವವಿರುವ ಒಬ್ಬ ವೈದ್ಯರ ಒಪ್ಪಿಗೆಯನ್ನು, ರಾತ್ರಿಯಲ್ಲಿಯೂ ಬರುವಿರಾ ಎಂದು ನೇರವಾಗಿ ಕೇಳಿ, ಮೊದಲೇ ಪಡೆದಿಟ್ಟುಕೊಳ್ಳಿ. ಬೆಂಗಳೂರಿಗೆ ಸಾಗಿಸಲು ಅನುಕೂಲವಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ಕೊಡುವವರಿಂದ ಕುದುರೆಯ ಗುರುತು ಮತ್ತು ಛಾಯಾಚಿತ್ರ ಸಹಿತ ಒಪ್ಪಂದ ಪತ್ರವನ್ನು ಬರೆಸಿಕೊಳ್ಳಿ, ಇಲ್ಲವಾದರೆ ಮೈ ತುಂಬಿಕೊಂಡ ಮೇಲೆ ಮದುವೆ ಮೆರವಣಿಗೆಗೆ ಬೇಕೆಂದು ವಾಪಸು ಕೇಳಲು ಬರುತ್ತಾರೆ. ಚೇತರಿಸಿಕೊಳ್ಳಲಾರದ ಕುದುರೆಯ ವಿಷಯದಲ್ಲಿ ಯಾರು ನಿರ್ಧಾರ ತೆಗೆದುಕೊಳ್ಳಬೇಕು, ವೈದ್ಯರು ದಯಾಮರಣವೇ ಸರಿ ಎಂದರೆ ಮನೆಯಲ್ಲಿ ಯಾರು ಜೊತೆಗೆ ನಿಲ್ಲಬೇಕು, ಕೊಳವೆಬಾವಿಯಿಂದ ದೂರದಲ್ಲಿ ಎಲ್ಲಿ ಗುಂಡಿ ತೋಡಿಸಬೇಕು ಎಂಬುದನ್ನೂ ಮೊದಲ ಕುದುರೆಯನ್ನು ತರುವ ಮುನ್ನವೇ ಮನೆಯವರೆಲ್ಲ ಕುಳಿತು ಮಾತನಾಡಿಕೊಳ್ಳಿ. ನಮ್ಮ ಮನೆಯಲ್ಲಿ ಆ ನಿರ್ಧಾರವನ್ನು ತಂದೆಯವರಿಗೆ ಬಿಟ್ಟಿದ್ದೇವೆ, ಏಕೆಂದರೆ ನನ್ನಿಂದಲೂ ತಂಗಿಯಿಂದಲೂ ಅದು ಸಕಾಲದಲ್ಲಿ ಆಗುವುದಿಲ್ಲ.