ಓದುಗರ ಪ್ರಶ್ನೆ: ಆಕಾಶದಲ್ಲಿ ಬಟನ್ ಒತ್ತುವವರು ಯಾರು?

ಪ್ರಶ್ನೆ: ರಿಮೋಟಿನಿಂದ ಹಾರಿಸುವ 1.4 ಮೀಟರ್ ರೆಕ್ಕೆಯ ಫೋಮ್ ವಿಮಾನದಿಂದ ಅಡಿಕೆ ತೋಟದ ನಕ್ಷೆ ಮಾಡುವ ಆಸೆ. ಹಳೆಯ ಕಾಂಪ್ಯಾಕ್ಟ್ ಕ್ಯಾಮರಾ ಕೊಂಡರೆ ಸಾಕೇ? ಎಷ್ಟು ಮೆಗಾಪಿಕ್ಸೆಲ್ ಇರಬೇಕು?
— ಶಿರಸಿಯ ಓದುಗರು

ಹಳೆಯದೇ ಸಾಕು. ಮೆಗಾಪಿಕ್ಸೆಲ್ ಲೆಕ್ಕ ಕೊನೆಗಿರಲಿ. ಬಟನ್ ಮುಟ್ಟದೆ ಫೋಟೊ ತೆಗೆಸಲು ದಾರಿ ಇದೆಯೇ, ಫೋಕಸ್ ಮತ್ತು ಶಟರ್ ವೇಗವನ್ನು ನೆಲದ ಮೇಲೇ ಕಟ್ಟಿಹಾಕಬಹುದೇ ಎಂಬುದನ್ನು ಮೊದಲು ನೋಡಿ. ಈ ಎರಡಕ್ಕೂ ಹೌದು ಎನ್ನುವುದರಿಂದಲೇ ಕ್ಯಾನನ್ ಪವರ್‌ಶಾಟ್ ಎಸ್100, ಎಸ್ಎಕ್ಸ್260 ಮಾದರಿಗಳನ್ನು ಹವ್ಯಾಸಿಗಳು ಇವತ್ತಿಗೂ ಹುಡುಕುತ್ತಾರೆ. ಇವುಗಳಲ್ಲಿ ಈ ಸೌಲಭ್ಯಗಳನ್ನು ಸೇರಿಸುವ ಸಿಎಚ್‌ಡಿಕೆ ಎಂಬ ಉಚಿತ ತಂತ್ರಾಂಶ ಓಡುತ್ತದೆ. ಅದು ಮೆಮೊರಿ ಕಾರ್ಡಿನಲ್ಲೇ ಇರುತ್ತದೆ. ಕಾರ್ಡ್ ತೆಗೆದರೆ ಕ್ಯಾಮರಾ ಮೊದಲಿನಂತೆ.

ಎಸ್100 ಬ್ಯಾಟರಿ, ಕಾರ್ಡ್ ಸೇರಿ 198 ಗ್ರಾಂ, 12 ಮೆಗಾಪಿಕ್ಸೆಲ್. ಜೂಮ್ ಮಾಡದೆ 100 ಮೀಟರ್ ಎತ್ತರದಿಂದ ತೆಗೆದರೆ ಒಂದು ಚಿತ್ರದಲ್ಲಿ ಸುಮಾರು 143 × 107 ಮೀಟರ್ ನೆಲ ಬರುತ್ತದೆ, ಒಂದು ಪಿಕ್ಸೆಲ್‌ಗೆ 3.6 ಸೆಂ.ಮೀ. ಚಿತ್ರದ ಉದ್ದ ಬದಿ ರೆಕ್ಕೆಯ ದಿಕ್ಕಿಗೆ ಬರುವಂತೆ ಕ್ಯಾಮರಾ ಕೂರಿಸಿ. ಸೆಕೆಂಡಿಗೆ 15 ಮೀಟರ್ ವೇಗ, 2 ಸೆಕೆಂಡಿಗೊಂದು ಫೋಟೊ ಎಂದರೆ ಚಿತ್ರದಿಂದ ಚಿತ್ರಕ್ಕೆ 30 ಮೀಟರ್, ಅಂದರೆ ಶೇ 72ರಷ್ಟು ಅತಿವ್ಯಾಪ್ತಿ (ಎರಡು ಚಿತ್ರಗಳಲ್ಲೂ ಬರುವ ಒಂದೇ ನೆಲದ ಪಾಲು; ಇದರಿಂದಲೇ ಚಿತ್ರಗಳನ್ನು ಜೋಡಿಸಿ ನಕ್ಷೆ ಮಾಡುವುದು). ನಕ್ಷೆಗೆ ಧಾರಾಳವಾಯಿತು ಅನ್ನಿಸಬಹುದು. ಆದರೆ ಅಡಿಕೆ ಮರದ ತಲೆ ನೆಲದಿಂದ 15 ಮೀಟರ್ ಮೇಲಿದ್ದರೆ ಕ್ಯಾಮರಾಕ್ಕೂ ಅದಕ್ಕೂ ಇರುವ ದೂರ 85 ಮೀಟರ್ ಮಾತ್ರ. ಆ ಮಟ್ಟದಲ್ಲಿ ಚಿತ್ರ ಹಿಡಿಯುವ ಅಗಲ 91 ಮೀಟರ್‌ಗೆ ಇಳಿದು, ಅತಿವ್ಯಾಪ್ತಿ ಶೇ 67ಕ್ಕೆ ಬರುತ್ತದೆ. ಬೆನ್ನಿಗೆ ಗಾಳಿ ಬಿದ್ದು ವೇಗ 20 ಮೀಟರ್ ಆಯಿತೋ, ಶೇ 56. ತೋಟದ ನಕ್ಷೆಯಲ್ಲಿ ಮರಗಳು ಚಿಂದಿಯಾಗಿ ಕಾಣುವುದು ಹೀಗೆ. ಗಾಳಿಗೆ ಅಡ್ಡಲಾಗಿ ಸಾಲು ಹಾಕಿ ಹಾರಿಸಿ; ಹೋಗುವಾಗ, ಬರುವಾಗ ವೇಗ ಹೆಚ್ಚುಕಮ್ಮಿ ಒಂದೇ ಇರುತ್ತದೆ.

ಬಳಸಿದ ಕ್ಯಾಮರಾ ಕೊಳ್ಳುವಾಗ ಅಂಗಡಿಯಲ್ಲೇ ಇಪ್ಪತ್ತು ಸಲ ಆನ್–ಆಫ್ ಮಾಡಿ. ಲೆನ್ಸ್ ಹೊರಬರುವಾಗ ಕರಕರ ಅಂದರೆ ಅಲ್ಲೇ ಬಿಟ್ಟುಬನ್ನಿ.

ಪ್ರಶ್ನೆ: 9 ಗ್ರಾಂ ಸರ್ವೋ (ತೋಳು ತಿರುಗಿಸುವ ಪುಟ್ಟ ಮೋಟಾರ್) ಒಂದನ್ನು ಶಟರ್ ಬಟನ್ ಮೇಲೆ ಕೂರಿಸಿದ್ದೇನೆ. ಕೆಲವು ಫೋಟೊ ಮಂಜು ಮಂಜು, ಕೆಲವು ಬರುವುದೇ ಇಲ್ಲ. ಸರ್ವೋ ಗುಂಯ್ ಅನ್ನುತ್ತಲೇ ಇರುತ್ತದೆ.
— ದಾವಣಗೆರೆಯ ಓದುಗರು

ಗುಂಯ್ ಅನ್ನುವುದು ಸರ್ವೋದ ದೂರು. ಬಟನ್ ತಳ ಮುಟ್ಟಿದ ಮೇಲೂ ಇನ್ನಷ್ಟು ಒತ್ತು ಎಂದು ಟ್ರಾನ್ಸ್‌ಮಿಟರ್ ಹೇಳುತ್ತಿದೆ, ಅದು ಒತ್ತಲಾರದೆ ಒದ್ದಾಡುತ್ತಿದೆ. ಹೀಗೆ ಸಿಕ್ಕಿಕೊಂಡ ಸಣ್ಣ ಸರ್ವೋ ಅರ್ಧ ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ. ವಿಮಾನಕ್ಕೆ ನಿಮ್ಮ ಆಜ್ಞೆ ತಲುಪಿಸುವ ರಿಸೀವರ್ ಕೂಡ ಅದೇ 5 ವೋಲ್ಟ್ ಸಾಲಿನಲ್ಲಿದೆ ಎಂಬುದು ನೆನಪಿರಲಿ. ಫೋಟೊ ಹೋದರೆ ಹೋಗಲಿ, ವಿಮಾನ ಹೋಗಬಾರದು. ಟ್ರಾನ್ಸ್‌ಮಿಟರಿನಲ್ಲಿ ಆ ಚಾನೆಲ್‌ನ ಎಂಡ್ ಪಾಯಿಂಟನ್ನು (ಸರ್ವೋ ಎಷ್ಟು ತಿರುಗಬೇಕೆಂಬ ಮಿತಿ) ಶೇ 30ಕ್ಕೆ ಇಳಿಸಿ, ಐದೈದೇ ಏರಿಸುತ್ತ ಬನ್ನಿ. ಕ್ಲಿಕ್ ಆದಲ್ಲಿಂದ ಎರಡು–ಮೂರು ಶೇಕಡಾ ಮುಂದೆ ಹೋಗಿ ನಿಲ್ಲಿಸಿ. ಸರ್ವೋ ತೋಳು ಗಿಡ್ಡವಾಗಿರಲಿ, 8–10 ಮಿ.ಮೀ. ಸಾಕು, ತುದಿಗೆ ರಬ್ಬರ್ ತುಂಡು ಅಂಟಿಸಿ. ಸರ್ವೋವನ್ನು ಕ್ಯಾಮರಾ ಮೈಗೆ ಬಿಸಿ ಅಂಟಿನಿಂದ ಅಂಟಿಸಿದ್ದರೆ ಬಿಸಿಲಿಗೆ ಅದು ಬಿಟ್ಟುಕೊಳ್ಳುತ್ತದೆ. ಅಲ್ಯೂಮಿನಿಯಂ ಪಟ್ಟಿಯನ್ನು ‘ಸಿ’ ಆಕಾರಕ್ಕೆ ಬಗ್ಗಿಸಿ, ಕೆಳಗಿನ ಟ್ರೈಪಾಡ್ ತೂತಿಗೆ ಕಾಲು ಇಂಚಿನ ಸ್ಕ್ರೂ ಹಾಕಿ ಬಿಗಿಯಿರಿ.

ಮಂಜಾಗುವ ಕಾರಣವೇ ಬೇರೆ. ಶಟರ್ ಬಟನ್‌ಗೆ ಎರಡು ಹಂತ: ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಫೋಟೊ. ಸರ್ವೋ ಎರಡನ್ನೂ ಒಂದೇ ಏಟಿಗೆ ದಾಟುತ್ತದೆ. ಫೋಕಸನ್ನು ಅನಂತಕ್ಕೆ ಬೀಗ ಹಾಕಿಬಿಟ್ಟರೆ ಅರ್ಧ ಹಂತದ ತಾಪತ್ರಯವೇ ಇಲ್ಲ. ಇಷ್ಟು ಚಿಕ್ಕ ಲೆನ್ಸಿನಲ್ಲಿ, ಜೂಮ್ ಇಲ್ಲದಾಗ, ಎಫ್ 4ರಲ್ಲಿ ಅನಂತಕ್ಕೆ ಫೋಕಸ್ ಮಾಡಿದರೆ ಸುಮಾರು ಒಂದು ಮೀಟರ್‌ನಿಂದಾಚೆ ಎಲ್ಲವೂ ಸ್ಪಷ್ಟ. ಮ್ಯಾನ್ಯುವಲ್ ಫೋಕಸ್ ಇಲ್ಲದ ಕ್ಯಾಮರಾದಲ್ಲಿ ಬೆಟ್ಟದ ಗುರುತಿನ ಲ್ಯಾಂಡ್‌ಸ್ಕೇಪ್ ಫೋಕಸ್ ಇದ್ದರೆ ಅದನ್ನು ಆರಿಸಿ.

ಪ್ರಶ್ನೆ: ಸಿಎಚ್‌ಡಿಕೆ ಹಾಕಿ, ರಿಸೀವರ್ ತಂತಿಯನ್ನು ನೇರ ಯುಎಸ್‌ಬಿಗೆ ಕೊಟ್ಟೆ. ಒಮ್ಮೆ ಲೆನ್ಸ್ ಒಳಗೆ ಹೋಯಿತು, ಇನ್ನೊಮ್ಮೆ ತನ್ನಷ್ಟಕ್ಕೆ ಫೋಟೊ ತೆಗೆಯಿತು.
— ಮೈಸೂರಿನ ಓದುಗರು

ಎರಡು ತಪ್ಪು ಒಟ್ಟಿಗೆ ಆಗಿವೆ. ಯುಎಸ್‌ಬಿಯಲ್ಲಿ 5 ವೋಲ್ಟ್ ಕಂಡೊಡನೆ ಕ್ಯಾಮರಾ ಕಂಪ್ಯೂಟರ್ ಬಂತೆಂದು ತಿಳಿದು ಲೆನ್ಸ್ ಒಳಗೆಳೆದುಕೊಳ್ಳುತ್ತದೆ. ಸಿಎಚ್‌ಡಿಕೆ ಮೆನುವಿನಲ್ಲಿ ರಿಮೋಟ್ ಆಯ್ಕೆಯನ್ನು ಚಾಲೂ ಮಾಡಿದರೆ ಮಾತ್ರ ಆ ವೋಲ್ಟೇಜನ್ನು ಶಟರ್ ಆಜ್ಞೆ ಎಂದು ಓದುತ್ತದೆ. ಸಾಮಾನ್ಯ ವಿಧಾನದಲ್ಲಿ ವೋಲ್ಟ್ ಬಂದಾಗ ಅರ್ಧ ಒತ್ತಿದಂತೆ, ಹೋದಾಗ ಫೋಟೊ.

ಎರಡನೆಯದು: ರಿಸೀವರ್‌ನ ಸಿಗ್ನಲ್ ತಂತಿಯಲ್ಲಿ ನಿಂತ ವೋಲ್ಟೇಜ್ ಇರುವುದಿಲ್ಲ. ಪ್ರತಿ 20 ಮಿಲಿಸೆಕೆಂಡಿಗೆ 1ರಿಂದ 2 ಮಿಲಿಸೆಕೆಂಡ್‌ನ ಒಂದು ಮಿಟುಕು, ಅಷ್ಟೇ. ಎಷ್ಟೋ ರಿಸೀವರ್‌ಗಳಲ್ಲಿ ಅದೂ 3.3 ವೋಲ್ಟ್. ಕ್ಯಾಮರಾ ಅದನ್ನು ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ನಡುವೆ ಒಂದು ಸ್ವಿಚ್ ಬೇಕು. ರಿಮೋಟ್ ವಿಮಾನದ (ಆರ್‌ಸಿ) ಅಂಗಡಿಯ ಸಿದ್ಧ ಸ್ವಿಚ್ ಆಗಬಹುದು. ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡ್, 5 ವೋಲ್ಟಿನ ಆರ್ಡುಯಿನೊ ನ್ಯಾನೊ ಇನ್ನೂ ಒಳ್ಳೆಯದು. ರಿಸೀವರ್ ಸಿಗ್ನಲ್ 2ನೇ ಪಿನ್ನಿಗೆ, 3ನೇ ಪಿನ್ನಿಂದ ಯುಎಸ್‌ಬಿ ಕೆಂಪು ತಂತಿಗೆ, ಕಪ್ಪು ತಂತಿಗಳೆಲ್ಲ ಒಂದೇ ಗ್ರೌಂಡಿಗೆ. ಯುಎಸ್‌ಬಿಯ ಬಿಳಿ, ಹಸಿರು ತಂತಿ ಕತ್ತರಿಸಿ ಟೇಪ್ ಸುತ್ತಿ. ಮಿಟುಕಿನ ಉದ್ದ 1700 ಮೈಕ್ರೊಸೆಕೆಂಡ್ ದಾಟಿದರೆ 3ನೇ ಪಿನ್ 200 ಮಿಲಿಸೆಕೆಂಡ್ ಏರಿ ಇಳಿಯಲಿ. ಮತ್ತೆ 1300ಕ್ಕಿಂತ ಕೆಳಗೆ ಬರುವ ತನಕ ಇನ್ನೊಂದು ಫೋಟೊ ಬೇಡ. ಮಿಟುಕೇ ಬರದಿದ್ದರೆ ಪಿನ್ ಕೆಳಗೇ ಇರಲಿ.

ಇನ್ನೊಂದು ಮಾತು. ಸಿಎಚ್‌ಡಿಕೆ ಕ್ಯಾಮರಾ ಮಾದರಿಗೆ ಮಾತ್ರವಲ್ಲ, ಅದರೊಳಗಿನ ಫರ್ಮ್‌ವೇರ್ (ಮೂಲ ತಂತ್ರಾಂಶ) ಆವೃತ್ತಿಗೂ ಸರಿಹೊಂದಬೇಕು. ತಾನಾಗಿ ಶುರುವಾಗಬೇಕಾದರೆ ಕಾರ್ಡಿನ ಪಕ್ಕದ ಪುಟ್ಟ ಬೀಗವನ್ನು ‘ಲಾಕ್’ ಕಡೆ ಸರಿಸಿರಬೇಕು. ಸಿಎಚ್‌ಡಿಕೆ ಶುರುವಾದ ಮೇಲೆ ಫೋಟೊಗಳು ಎಂದಿನಂತೆ ಬರೆಯಲ್ಪಡುತ್ತವೆ. ಹಳೆಯ ಕಾರ್ಡುಗಳಲ್ಲಿ ಈ ಬೀಗ ಸಡಿಲಾಗಿ, ಕಾರ್ಡ್ ತೂರಿಸುವಾಗಲೇ ಜಾರುತ್ತದೆ. ಆಗ ಎಲ್ಲ ಸರಿಯಿದ್ದೂ ಏನೂ ನಡೆಯುವುದಿಲ್ಲ. ಬೀಗ ಸರಿಸಿದ ಮೇಲೆ ಅದರ ಮೇಲೊಂದು ತೆಳು ಸೆಲ್ಲೊಟೇಪ್ ಚೂರು ಹಚ್ಚಿ.

ಪ್ರಶ್ನೆ: ವೈಫೈ ಇರುವ ಕ್ಯಾಮರಾ ಕೊಂಡು ಮೊಬೈಲಿನಿಂದ ಕ್ಲಿಕ್ಕಿಸಬಹುದಲ್ಲ?
— ಹುಬ್ಬಳ್ಳಿಯ ಓದುಗರು

ಬೇಡ. ನಿಮ್ಮ ರಿಸೀವರ್ 2.4 ಗಿಗಾಹರ್ಟ್ಸ್‌ನದಾದರೆ ಅದರ ಪಕ್ಕದಲ್ಲೇ ಅದೇ ಪಟ್ಟಿಯ ಟ್ರಾನ್ಸ್‌ಮಿಟರ್ ಕಟ್ಟಿದಂತಾಗುತ್ತದೆ. ನೂರು ಮೀಟರ್ ದಾಟಿದರೆ ಮೊಬೈಲಿಗೂ ಕ್ಯಾಮರಾಕ್ಕೂ ಸಂಪರ್ಕ ನಂಬುವಂತಿಲ್ಲ.

ಪ್ರಶ್ನೆ: ಫೋಕಸ್ ಸರಿಯಿದೆ, ಬಿಸಿಲೂ ಇದೆ, ಆದರೂ ಚಿತ್ರ ಮೊನಚಿಲ್ಲ. ವಿಡಿಯೊ ಅಂತೂ ಜೆಲ್ಲಿಯಂತೆ ಅಲುಗುತ್ತದೆ.
— ಹಾಸನದ ಓದುಗರು

ಶಟರ್ ವೇಗ 1/1000 ಇಡಿ. ಅಷ್ಟರಲ್ಲಿ 15 ಮೀಟರ್ ವೇಗದ ವಿಮಾನ 1.5 ಸೆಂ.ಮೀ. ಸರಿಯುತ್ತದೆ, ಅರ್ಧ ಪಿಕ್ಸೆಲ್ಲೂ ಇಲ್ಲ. 1/200ರಲ್ಲಿ 7.5 ಸೆಂ.ಮೀ., ಎರಡು ಪಿಕ್ಸೆಲ್ ಸವರಿಹೋಯಿತು. ಬೆಳಕು ಸಾಲದಿದ್ದರೆ ಐಎಸ್‌ಒ 400ಕ್ಕೆ ಏರಿಸಿ. ಸ್ವಲ್ಪ ಕಾಳುಕಾಳಾದರೂ ಸವರಿದ್ದಕ್ಕಿಂತ ವಾಸಿ. ಇಮೇಜ್ ಸ್ಟೆಬಿಲೈಸರ್ ಆಫ್ ಮಾಡಿ. ಅದು ಕೈನಡುಕಕ್ಕೆ ಮಾಡಿದ್ದು, ಮೋಟಾರಿನ ನಡುಕಕ್ಕೆ ತಬ್ಬಿಬ್ಬಾಗುತ್ತದೆ. ಜೆಲ್ಲಿಗೆ ಕಾರಣ, ವಿಡಿಯೊದಲ್ಲಿ ಸೆನ್ಸರನ್ನು ಸಾಲುಸಾಲಾಗಿ ಓದುವುದು. ಮದ್ದು ಪ್ರೊಪೆಲ್ಲರ್ ಸಮತೂಕ ಮಾಡುವುದರಲ್ಲಿದೆ. ಕ್ಯಾಮರಾವನ್ನು ಜಿಪ್‌ಟೈಯಿಂದ ಬಿಗಿದು ಕಟ್ಟಿದ್ದರೆ ಸಡಿಲಿಸಿ, ಮೆತ್ತನೆಯ ಫೋಮ್ ಮೇಲೆ ಕೂರಿಸಿ, ಅಗಲ ವೆಲ್‌ಕ್ರೊ ಹಾಕಿ.

ಪ್ರಶ್ನೆ: ಇಳಿದಾಗಲೆಲ್ಲ ಕೆಂಪು ಮಣ್ಣು ನುಗ್ಗಿ ಲೆನ್ಸ್ ಸಿಕ್ಕಿಕೊಳ್ಳುತ್ತದೆ. ಒಳಗೆ ಸರಿಸಿದರೆ ಚಿತ್ರದ ಮೂಲೆ ಕಪ್ಪಾಗುತ್ತದೆ.
— ಚಿತ್ರದುರ್ಗದ ಓದುಗರು

ಹೊಟ್ಟೆಯ ಮೇಲೆ ಇಳಿಯುವ ವಿಮಾನದಲ್ಲಿ ಲೆನ್ಸ್ ತುದಿ ಹೊಟ್ಟೆಯ ಮಟ್ಟಕ್ಕಿಂತ ಒಂದು ಸೆಂ.ಮೀ. ಮೇಲಾದರೂ ಇರಬೇಕು. ತೂತನ್ನು ನೇರ ಕೊಳವೆಯಂತೆ ಕೊರೆಯದೆ ಲಾಳಿಕೆಯಂತೆ ಹೊರಗೆ ಅಗಲವಾಗಿ ಕೊರೆಯಿರಿ. ಎಸ್100 ಅಗಲ ಕೋನದಲ್ಲಿ ಮೂಲೆಗೆ ಸುಮಾರು 42 ಡಿಗ್ರಿ ನೋಡುತ್ತದೆ. ಹಾಗಾಗಿ ಪ್ರತಿ 10 ಮಿ.ಮೀ. ಆಳಕ್ಕೆ ತೂತು ಎಲ್ಲ ಬದಿಗೂ 9 ಮಿ.ಮೀ. ಹಿಗ್ಗಬೇಕು, 12 ಇಟ್ಟರೆ ನಿಶ್ಚಿಂತೆ. ಗಾಜು ಮುಚ್ಚಬೇಡಿ, ಅದರಲ್ಲಿ ಬಿಸಿಲು ಪ್ರತಿಫಲಿಸುತ್ತದೆ. ಸಾಧ್ಯವಾದರೆ ಇಳಿಯುವ ಮುಂಚೆ ಲೆನ್ಸ್ ಒಳಗೆ ಹೋಗುವಂತೆ ಸಿಎಚ್‌ಡಿಕೆ ನಡೆಸುವ ಆಜ್ಞೆಗಳ ಪಟ್ಟಿಯ (ಸ್ಕ್ರಿಪ್ಟ್) ಕೊನೆಗೆ ಕ್ಯಾಮರಾ ಆಫ್ ಮಾಡುವ ಸಾಲು ಸೇರಿಸಿ. ಹುಲ್ಲಿನ ಮೇಲೆ ಇಳಿಸಲು ಜಾಗವಿದ್ದರೆ ಇನ್ನೂ ಸುಲಭ.

ಪ್ರಶ್ನೆ: ಅನುಮತಿ ಬೇಕೇ?
— ಬೆಂಗಳೂರಿನ ಓದುಗರು

2021ರ ಡ್ರೋನ್ ನಿಯಮಗಳಲ್ಲಿ ವರ್ಗ ನಿರ್ಧಾರವಾಗುವುದು ಕ್ಯಾಮರಾ ಸೇರಿದ ಒಟ್ಟು ತೂಕದ ಮೇಲೆ: 250 ಗ್ರಾಂವರೆಗೆ ನ್ಯಾನೊ, 2 ಕೆ.ಜಿ.ವರೆಗೆ ಮೈಕ್ರೊ. 198 ಗ್ರಾಂ ಕ್ಯಾಮರಾ ಹೊತ್ತ ವಿಮಾನ ನ್ಯಾನೊ ಆಗುವ ಮಾತೇ ಇಲ್ಲ. ಹಸಿರು ವಲಯದಲ್ಲಿ (ಹಾರಿಸಲು ಮುಂಗಡ ಅನುಮತಿ ಬೇಡದ ಜಾಗ) ಎತ್ತರದ ಮಿತಿ 400 ಅಡಿ. ವಿಮಾನ ನಿಲ್ದಾಣದ ಗಡಿಯಿಂದ 8–12 ಕಿ.ಮೀ. ನಡುವೆ 200 ಅಡಿ. ನಿಮ್ಮೂರಲ್ಲಿ ಜಕ್ಕೂರು, ಯಲಹಂಕ, ಎಚ್‌ಎಎಲ್, ದೇವನಹಳ್ಳಿ ನಾಲ್ಕೂ ಇವೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ವಲಯ ನಕ್ಷೆ ನೋಡದೆ ಬ್ಯಾಟರಿ ಸಿಕ್ಕಿಸಬೇಡಿ.